ಬ್ಯಾಟರಿ ಗಾಡಿಗೆ ಮೊದಲ ಬೀಗ ಸೀಟಿನ ಕೆಳಗೆ

ಮೈಸೂರಿನ ಮೃಗಾಲಯದಲ್ಲಿ ವಯಸ್ಸಾದವರನ್ನು ಕೂರಿಸಿಕೊಂಡು ಓಡಾಡುವ ಬ್ಯಾಟರಿ ವಾಹನ ಎಲ್ಲರಿಗೂ ಗೊತ್ತು. ಗಾಲ್ಫ್ ಕಾರ್ಟ್ ಜಾತಿಯ ಇಂಥ ಗಾಡಿಗಳು ಈಗ ರೆಸಾರ್ಟು, ದೊಡ್ಡ ಕಲ್ಯಾಣ ಮಂಟಪ, ಆಸ್ಪತ್ರೆಗಳಿಗೂ ಬಂದಿವೆ. ಕೊಳ್ಳುವಾಗ ಲಕ್ಷಗಳ ಲೆಕ್ಕ ನಡೆಯುತ್ತದೆ. ರಾತ್ರಿ ಮಾತ್ರ ತೆರೆದ ಶೆಡ್ಡಿನಲ್ಲಿ ನಿಲ್ಲಿಸಿ, ಕೀಲಿ ತೆಗೆದುಕೊಂಡರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಆ ಕೀಲಿಯನ್ನು ನಂಬಬೇಡಿ. ಅನೇಕ ಕಂಪನಿಗಳು ಒಂದು ಮಾದರಿಯ ಗಾಡಿಗಳಿಗೆಲ್ಲ ಒಂದೇ ಕೀಲಿ ಕೊಡುತ್ತವೆ. ಸೀಟಿನ ಕೆಳಗೆ ‘ಟೋ–ರನ್’ (ಎಳೆದೊಯ್ಯಲು–ಓಡಿಸಲು) ಸ್ವಿಚ್ ಇರುವ ಗಾಡಿಯಲ್ಲಿ ಅದನ್ನು ‘ಟೋ’ಗೆ ತಿರುಗಿಸಿದರೆ ಕೀಲಿಯೇ ಬೇಡ, ಇಬ್ಬರು ತಳ್ಳಿಕೊಂಡು ಹೋಗಬಹುದು.

ಆದರೂ ಇಡೀ ಗಾಡಿಯನ್ನು ಸಾಗಿಸಿ ಮಾರುವುದು ಕಷ್ಟ, ಬ್ಯಾಟರಿ ಮಾರುವುದು ಸುಲಭ. 48 ವೋಲ್ಟ್ ಗಾಡಿಯಲ್ಲಿ ಸಾಮಾನ್ಯವಾಗಿ 8 ವೋಲ್ಟಿನ ಆರು ಅಥವಾ 12 ವೋಲ್ಟಿನ ನಾಲ್ಕು ಸೀಸದ ಬ್ಯಾಟರಿ ಇರುತ್ತವೆ. 8 ವೋಲ್ಟಿನದೊಂದು ಸುಮಾರು 30 ಕೆಜಿ ತೂಗುತ್ತದೆ, ಅದರಲ್ಲಿ ಹೆಚ್ಚಿನದು ಗುಜರಿಯಲ್ಲಿ ಕೂಡಲೇ ಕಾಸಾಗುವ ಸೀಸ. ಸೀಟು ಎತ್ತಿದರೆ ಕೈಗೆ ಸಿಗುತ್ತವೆ, ಬಿಚ್ಚಲು ಒಂದು ಸ್ಪ್ಯಾನರ್ ಸಾಕು. ಹಾಗಾಗಿ ಕೈಯಲ್ಲಿರುವ ಮೊದಲ ಹಣ ಖರ್ಚಾಗಬೇಕಾದದ್ದು ಅಲ್ಲಿ.

40 ಮಿ.ಮೀ ಅಗಲ, 5 ಮಿ.ಮೀ ದಪ್ಪದ ಎಂ.ಎಸ್. (ಸಾದಾ ಉಕ್ಕಿನ) ಪಟ್ಟಿ ಎರಡು ತೆಗೆದುಕೊಳ್ಳಿ. ಬ್ಯಾಟರಿ ಸಾಲಿನ ಮೇಲೆ ಅಡ್ಡ ಬರುವಂತೆ ಅಳತೆ ಮಾಡಿಸಿ, ಒಂದು ತುದಿಗೆ ಕೀಲು, ಇನ್ನೊಂದು ತುದಿಗೆ ಬೀಗದ ಕೊಂಡಿ ಇಡಿಸಿ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲೋ ಮಂಡ್ಯದ ಯಾವುದಾದರೂ ವೆಲ್ಡಿಂಗ್ ಶಾಪಿನಲ್ಲೋ ಅರ್ಧ ದಿನದ ಕೆಲಸ. ಪಟ್ಟಿಯನ್ನು ಬೋಲ್ಟ್ ಹಾಕಿ ಶಾಶ್ವತವಾಗಿ ಮುಚ್ಚಬೇಡಿ, ಡಿಸ್ಟಿಲ್ಡ್ ವಾಟರ್ ಹಾಕಲು ತೆರೆಯಲೇಬೇಕು. ಪಟ್ಟಿಯ ಅಡಿಗೆ 3 ಮಿ.ಮೀ ರಬ್ಬರ್ ಶೀಟ್ ಅಂಟಿಸಿ, ಟರ್ಮಿನಲ್‌ಗಳಿಂದ ಒಂದಿಂಚಾದರೂ ದೂರವಿಡಿ. ಕಬ್ಬಿಣ ಎರಡು ಟರ್ಮಿನಲ್‌ಗೆ ಒಟ್ಟಿಗೆ ತಗುಲಿದರೆ ಬೆಂಕಿ ಖಚಿತ. ಚಾಸಿಗೆ ವೆಲ್ಡ್ ಮಾಡುವ ಮುಂಚೆ ಬ್ಯಾಟರಿಗಳನ್ನೆಲ್ಲ ಇಳಿಸಿ ದೂರವಿಡಿ, ಮೋಟರನ್ನು ನಿಯಂತ್ರಿಸುವ ಕಂಟ್ರೋಲರ್‌ನ ತಂತಿಗಳನ್ನೂ ಬಿಚ್ಚಿಸಿ. ಚಾರ್ಜಿನ ನಂತರ ಉಳಿದ ಹೈಡ್ರೋಜನ್‌ಗೆ ಒಂದು ಕಿಡಿ ಸಾಕು. ಇದರಲ್ಲಿ ಅವಸರ ಮಾಡುವ ವೆಲ್ಡರ್‌ಗೆ ಕೆಲಸ ಕೊಡಬೇಡಿ. ಗಾಳಿಯಾಡಬೇಕು, ಆದ್ದರಿಂದ ಪೆಟ್ಟಿಗೆಯಂತೆ ಮುಚ್ಚುವುದೂ ಬೇಡ.

ಎರಡನೆಯದು ಗುಪ್ತ ಸ್ವಿಚ್. ಕೀ ಸ್ವಿಚ್‌ನಿಂದ ಸೊಲೆನಾಯ್ಡ್ (ಬ್ಯಾಟರಿಯ ಕರೆಂಟನ್ನು ಮೋಟರಿನ ಕಡೆಗೆ ಬಿಡುವ ದೊಡ್ಡ ಸ್ವಿಚ್) ಕಡೆಗೆ ಹೋಗುವ ತೆಳು ತಂತಿಯನ್ನು ಕತ್ತರಿಸಿ ನಡುವೆ ಟಾಗಲ್ ಸ್ವಿಚ್ ಸೇರಿಸಿದರೆ, ಅದು ಆಫ್ ಇರುವಷ್ಟು ಹೊತ್ತು ಬೇರೆ ಕೀಲಿ ಹಾಕಿದರೂ ಗಾಡಿ ಏಳುವುದಿಲ್ಲ. ಸ್ವಿಚ್ ಡಿ.ಸಿ. ವೋಲ್ಟೇಜಿಗೆ ಯೋಗ್ಯವಾದುದೇ ಎಂದು ನೋಡಿ ಕೊಳ್ಳಿ. ಇದನ್ನು ಬ್ಯಾಟರಿಯ ದಪ್ಪ ಕೇಬಲ್‌ನಲ್ಲಿ ಕೂರಿಸುವ ತಪ್ಪು ಮಾತ್ರ ಆಗಬಾರದು: ಹೊರಡುವ ಗಳಿಗೆಯಲ್ಲಿ ಅಲ್ಲಿ ನೂರಾರು ಆಂಪಿಯರ್ ಹರಿಯುತ್ತದೆ, ಸಣ್ಣ ಸ್ವಿಚ್ ಕರಗಿಹೋಗುತ್ತದೆ. ಮೊಣಕಾಲು ತಗುಲದ ಜಾಗ ಆರಿಸಿ. ಓಡುವಾಗ ಆಫ್ ಆದರೆ ಕೆಲವು ಮಾದರಿಗಳು ಗಕ್ಕನೆ ಬ್ರೇಕ್ ಹಿಡಿಯುತ್ತವೆ, ಕೂತವರು ಮುಂದಕ್ಕೆ ಬೀಳುತ್ತಾರೆ.

ತಳ್ಳಿಕೊಂಡು ಹೋಗುವುದಕ್ಕೆ ಸ್ವಿಚ್ ಅಡ್ಡಿಯಲ್ಲ, ಅದಕ್ಕೆ ಸರಪಳಿಯೇ ಬೇಕು. ನಿಲ್ಲಿಸುವ ಜಾಗದಲ್ಲಿ ಒಂದಡಿ ಚೌಕ, ಒಂದೂವರೆ ಅಡಿ ಆಳ ಗುಂಡಿ ತೋಡಿ. 16 ಮಿ.ಮೀ ಸರಳನ್ನು ‘ಯು’ ಆಕಾರಕ್ಕೆ ಬಗ್ಗಿಸಿ, ಕಾಲುಗಳ ತುದಿಯನ್ನು ಹೊರಕ್ಕೆ ಮಡಿಸಿ ನಿಲ್ಲಿಸಿ, 1:1.5:3 ಅಳತೆಯ (ಸಿಮೆಂಟು, ಮರಳು, ಜಲ್ಲಿ) ಕಾಂಕ್ರೀಟ್ ತುಂಬಿ. ಅರ್ಧ ಮೂಟೆ ಸಿಮೆಂಟೂ ಬೇಕಾಗದು. ವಾರವಿಡೀ ನೀರುಣಿಸಿದ ಮೇಲೆ ಬಳಸಿ. 10 ಮಿ.ಮೀ ಗಟ್ಟಿಗೊಳಿಸಿದ ಉಕ್ಕಿನ ಸರಪಳಿಯನ್ನು ಹಿಂದಿನ ಆಕ್ಸಲ್‌ಗೆ ಸುತ್ತಿ. ಬ್ರೇಕ್ ಕೇಬಲ್ ಅದರಡಿ ಸಿಕ್ಕದಿರಲಿ. ಸ್ಟೀರಿಂಗಿಗೆ ಹಾಕಿದ ಸರಪಳಿಯಿಂದ ಪ್ರಯೋಜನ ಕಡಿಮೆ, ಹ್ಯಾಕ್ಸಾ ಚಕ್ರವನ್ನೇ ಕತ್ತರಿಸುತ್ತದೆ. ಸರಪಳಿ ನೆಲಕ್ಕೆ ತಾಗಿ ಬಿದ್ದಿದ್ದರೆ ಕಳ್ಳರು ಸರಪಳಿ ಕತ್ತರಿಸುವ ಕಟರ್‌ನ ಹಿಡಿಯನ್ನು ನೆಲಕ್ಕೆ ಊರಿ ಮೈಭಾರ ಹಾಕುತ್ತಾರೆ, ಹಾಗಾಗಿ ಸಡಿಲ ಬಿಡದೆ ಎಳೆದು ಬೀಗ ಹಾಕಿ.

ಹಣ ಉಳಿದರೆ ಜಿಪಿಎಸ್ ಟ್ರ್ಯಾಕರ್. ಇಲ್ಲಿ ಬಹಳಷ್ಟು ಮೆಕ್ಯಾನಿಕ್‌ಗಳು 12 ವೋಲ್ಟಿಗಾಗಿ ಒಂದೇ ಬ್ಯಾಟರಿಯಿಂದ ತಂತಿ ಎಳೆಯುತ್ತಾರೆ. ಚಾರ್ಜರ್ ನೋಡುವುದು ಇಡೀ ಸಾಲಿನ ಮೊತ್ತವನ್ನು. ಆ ಒಂದು ಬ್ಯಾಟರಿ ಸದಾ ಅರೆಹೊಟ್ಟೆಯಲ್ಲಿದ್ದು ಬೇಗ ಸಾಯುತ್ತದೆ, ಜೊತೆಗೆ ಸಾಲನ್ನೂ ಹಾಳುಮಾಡುತ್ತದೆ. 48ರಿಂದ 12 ವೋಲ್ಟಿನ ಕನ್ವರ್ಟರನ್ನು ಇಡೀ ಸಾಲಿಗೆ ಜೋಡಿಸಿ, ಬ್ಯಾಟರಿಯ ಪಕ್ಕದಲ್ಲೇ 1 ಆಂಪಿಯರ್ ಫ್ಯೂಸ್ ಹಾಕಿ. ಸ್ವಂತ ಸಣ್ಣ ಬ್ಯಾಟರಿಯಿರುವ ಟ್ರ್ಯಾಕರೇ ಬೇಕು, ಇಲ್ಲದಿದ್ದರೆ ಕೇಬಲ್ ಕಿತ್ತೊಡನೆ ಸುದ್ದಿ ನಿಲ್ಲುತ್ತದೆ. ಕಬ್ಬಿಣದ ತಳದಡಿ ಅಡಗಿಸಿದರೆ ಸಿಗ್ನಲ್ ಸಿಗದು, ಪ್ಲಾಸ್ಟಿಕ್ ಡ್ಯಾಶ್‌ಬೋರ್ಡಿನ ಒಳಗೆ ಇಡಿ. ಸಿಮ್ ರೀಚಾರ್ಜಿನ ದಿನ ಯಾರಾದರೊಬ್ಬರ ಹೊಣೆಯಾಗಿರಲಿ.

ಇಂಥ ಅನೇಕ ಗಾಡಿಗಳಿಗೆ ಆರ್.ಸಿ. ಇರುವುದಿಲ್ಲ, ಪೊಲೀಸರಿಗೆ ತೋರಿಸಲು ನಂಬರ್ ಪ್ಲೇಟೂ ಇಲ್ಲ. ಚಾಸಿ ಸಂಖ್ಯೆ, ಪ್ರತಿ ಬ್ಯಾಟರಿಯ ಸೀರಿಯಲ್ ಸಂಖ್ಯೆ, ಖರೀದಿಯ ಬಿಲ್, ಈ ಮೂರರ ಫೋಟೊವನ್ನೂ ಇಂದೇ ತೆಗೆದಿಡಿ. ಬ್ಯಾಟರಿಯ ಮೈಮೇಲೆ ಸಂಸ್ಥೆಯ ಹೆಸರನ್ನು ಆಳವಿಲ್ಲದೆ, ಅಳಿಸಲಾಗದಂತೆ ಕೆತ್ತಿಸಿ. ವಿಮೆ ಇದ್ದರೆ ಶರತ್ತು ಓದಿ: ಕಳವು ವಿಮೆಗಳು ಸಾಮಾನ್ಯವಾಗಿ ಬಾಗಿಲೋ ಬೀಗವೋ ಒಡೆದ ಗುರುತು ಕೇಳುತ್ತವೆ, ತೆರೆದ ಶೆಡ್ಡಿನಲ್ಲಿ ನಿಂತ ಗಾಡಿಗೆ ಅದು ಅನ್ವಯವಾಗುತ್ತದೆಯೇ ಎಂದು ಏಜೆಂಟರಿಂದ ಬರಹದಲ್ಲೇ ಪಡೆಯಿರಿ.