ವಿಮರ್ಶೆ: ಶರಣಬಸಪ್ಪನ ‘ಶ’, ಷಣ್ಮುಖನ ‘ಷ’ ಅಲ್ಲ

ಮೊನ್ನೆ ರಾತ್ರಿ ಸೆಕೆಂಡ್ ಶೋ ಮುಗಿಸಿದ ಗೆಳೆಯನೊಬ್ಬ ನಮಗೆಲ್ಲಾ ಮೆಸೇಜ್ ಹಾಕಿದ: ‘ಪಿಚ್ಚರ್ ಭಾರಿ ಅದ. ಎಲ್ಲಾರೂ ನೋಡ್ರಿ. ಆದ್ರ ದಯವಿಟ್ಟು ಯಾರೂ ವಿಮರ್ಷೆ ಮಾಡಬ್ಯಾಡ್ರಿ.’

ಒಂದೇ ಪದ, ಎರಡು ತಪ್ಪು. ಕಾಗುಣಿತದ್ದು ಒಂದು, ಅರ್ಥದ್ದು ಇನ್ನೊಂದು. ಹೋದ ತಿಂಗಳು ಟಾಕೀಸಿನ ಮುಂದೆ ಅಭಿಮಾನಿಗಳು ಕಟ್ಟಿದ್ದ ಬ್ಯಾನರಿನಲ್ಲೂ ಇದೇ ಇತ್ತು: ‘ವಿಮರ್ಷಕರಿಗೆ ಪ್ರವೇಶವಿಲ್ಲ’. ಆಗ ಸುಮ್ನಿದ್ದೆ. ಈಗ ಆಗುತ್ತಿಲ್ಲ.

ಮೊದಲು ಅಕ್ಷರದ ವಿಷಯ. ನಮ್ಮ ಕಲಬುರಗಿ ಬಾಯಲ್ಲಿ ಶ, ಷ ಎರಡೂ ಒಂದೇ ಥರ ಕೇಳುತ್ತವೆ. ಆಡುವಾಗ ಯಾರದೂ ತಕರಾರಿಲ್ಲ. ಬರೆಯುವಾಗ ಮಾತ್ರ ಇಲ್ಲಿ ಬರಬೇಕಾದ್ದು ಶರಣಬಸಪ್ಪನ ‘ಶ’, ಜೇವರ್ಗಿಯ ಷಣ್ಮುಖ ಶಿವಯೋಗಿಯ ‘ಷ’ ಅಲ್ಲ. ಇದು ಪಂಡಿತರ ಹಟ ಅಂದುಕೊಳ್ಳಬೇಡಿ. ಸಂಸ್ಕೃತದಲ್ಲಿ ಮೃಶ್ ಅಂತ ಒಂದು ಧಾತು, ಮೃಷ್ ಅಂತ ಇನ್ನೊಂದು. ಎರಡೂ ಬೇರೆ ಬೇರೆ ಮನೆತನ. ನಡುವೆ ಬೀಗತನವೂ ಇಲ್ಲ.

ಮೃಶ್ ಅಂದರೆ ಮುಟ್ಟು, ಸವರು, ಕೈಯಾಡಿಸು. ಅದಕ್ಕೆ ‘ವಿ’ ಸೇರಿ ವಿಮರ್ಶ, ಕನ್ನಡದಲ್ಲಿ ವಿಮರ್ಶೆ. ಮೃಷ್ ಅಂದರೆ ತಾಳಿಕೊಳ್ಳು, ಕ್ಷಮಿಸು. ಅದರ ಹಿಂದೆ ‘ಅ’ ಬಂದರೆ ಅಮರ್ಷ, ತಾಳಲಾರದ ಸಿಟ್ಟು. ಭರತಮುನಿ ನಾಟ್ಯಶಾಸ್ತ್ರದಲ್ಲಿ ಎಣಿಸಿದ 33 ವ್ಯಭಿಚಾರಿ ಭಾವಗಳಲ್ಲಿ, ಅಂದರೆ ಬಂದು ಹೋಗುವ ಭಾವಗಳಲ್ಲಿ, ಇದೂ ಒಂದು. ಅಷ್ಟೇ ಅಲ್ಲ, ಸಂಸ್ಕೃತ ಕೋಶಗಳಲ್ಲಿ ಷಕಾರದ ‘ವಿಮರ್ಷ’ ಅನ್ನೋ ಪದವೂ ಸಿಗುತ್ತದೆ. ಅದರ ಅರ್ಥ ಅಸಹನೆ, ಸಿಡುಕು, ಅಸಮಾಧಾನ.

ಈಗ ಗೆಳೆಯನ ಮೆಸೇಜನ್ನು ಇನ್ನೊಮ್ಮೆ ಓದಿ. ‘ಯಾರೂ ಸಿಡುಕಬ್ಯಾಡ್ರಿ’ ಅಂತ ಆಯಿತು. ಅವನು ಹೇಳಬೇಕು ಅಂತಿದ್ದದ್ದು ಅದೇ! ತಪ್ಪು ಬರೆದು ಸರಿಯಾಗಿ ಹೇಳಿಬಿಟ್ಟಿದ್ದಾನೆ. ಬ್ಯಾನರಿನವರೂ ಅಷ್ಟೇ. ಸಿಡುಕುವವರಿಗೆ ಪ್ರವೇಶವಿಲ್ಲ ಅಂದರೆ ನನಗೂ ಒಪ್ಪಿಗೆ. ಹಳೆಯ ಕೈಬರಹದ ಪ್ರತಿಗಳಲ್ಲೂ ಈ ಎರಡು ಅಕ್ಷರ ಅದಲುಬದಲಾಗಿವೆ ಅನ್ನೋದು ಅವರಿಗೆ ಸಮಾಧಾನ ಆಗಬಹುದು. ನನಗೆ ಆಗಿಲ್ಲ.

ಇನ್ನು ಶಕಾರದ ಮನೆಗೆ ಬರೋಣ. ಮುಟ್ಟುವುದು ಅನ್ನೋ ಮೂಲ ಅರ್ಥದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಸ್ಪರ್ಶಕ್ಕೂ ಇದಕ್ಕೂ ಪ್ರಾಸ ಕೂಡುತ್ತದೆ, ಸಂಬಂಧ ಇಲ್ಲ. ಅದು ಸ್ಪೃಶ್ ಅನ್ನೋ ಬೇರೆ ಧಾತು. ವಿಮರ್ಶೆಯ ನಿಜವಾದ ಅಣ್ಣತಮ್ಮ ಅಂದರೆ ಪರಾಮರ್ಶೆ. ಕೈಯಲ್ಲಿ ಹಿಡಿದು ನೋಡುವುದೇ ಅಲ್ಲೂ ಮೂಲ. ಸರ್ಕಾರಿ ಪತ್ರಗಳಲ್ಲಿ ‘ಮೇಲ್ಕಂಡ ವಿಷಯವನ್ನು ಪರಾಂಬರಿಸಲಾಗಿ’ ಅಂತ ಒಂದು ಸಾಲು ಬರುತ್ತದಲ್ಲ, ಆ ಪರಾಂಬರಿಸು ಕೂಡ ಇದೇ ಪರಾಮರ್ಶೆಯ ಸವೆದ ರೂಪ. ಫೈಲನ್ನು ಯಾರಾದರೂ ಖರೇವಂದ್ರ ಮುಟ್ಟಿ ನೋಡಿರುತ್ತಾರಾ ಅನ್ನೋದು ಬೇರೆ ಮಾತು.

ಮುಟ್ಟಿ ನೋಡುವುದು ಅಂದರೆ ಹೇಗೆ ಅಂತ ತಿಳಿಯಬೇಕಾದರೆ ಪುಸ್ತಕ ಬೇಡ, ತೊಗರಿ ಸುಗ್ಗಿಯಲ್ಲಿ ನಮ್ಮ ಎಪಿಎಂಸಿಗೆ ಒಂದು ಸಲ ಹೋಗಿ ಬನ್ನಿ. ಖರೀದಿದಾರ ಚೀಲದ ಮೇಲಿನ ಕಾಳು ನೋಡಿ ರೇಟು ಹೇಳುವುದಿಲ್ಲ. ಒಳಗೆ ಕೈ ಇಳಿಸುತ್ತಾನೆ. ಒಂದು ಹಿಡಿ ಹೊರಗೆ ತೆಗೆದು ಅಂಗೈ ಮೇಲೆ ಹರಡುತ್ತಾನೆ. ಬೆರಳಿನಲ್ಲಿ ಹೊರಳಿಸಿ ಹುಳುಕು ಎಷ್ಟು, ಕಲ್ಲು ಕಸ ಎಷ್ಟು ನೋಡುತ್ತಾನೆ. ಒಂದು ಕಾಳು ಕಡಿದು ತೇವ ಇದೆಯಾ ಅಂತ ತಿಳಿಯುತ್ತಾನೆ. ಆಮೇಲೆ ಕ್ವಿಂಟಲಿಗೆ ಇಷ್ಟು ಅನ್ನುತ್ತಾನೆ. ಆ ಕೈಯಾಡಿಸುವುದು ಇದೆಯಲ್ಲ, ಅದು ವಿಮರ್ಶೆ. ಕೊನೆಗೆ ಹೇಳಿದ ರೇಟು ವಿಮರ್ಶೆ ಅಲ್ಲ. ನಾವು ಐದಕ್ಕೆ ಮೂರೂವರೆ ಸ್ಟಾರ್ ಅಂತ ಕೊಡುತ್ತೀವಲ್ಲ, ಅದು ಬರೀ ರೇಟು. ಚೀಲಕ್ಕೆ ಕೈ ಹಾಕದೇ ರೇಟು ಹೇಳುವವನನ್ನು ಅಡತಿಯವರು, ಅಂದರೆ ಅಲ್ಲಿನ ದಲ್ಲಾಳಿಗಳು, ಏನಂತಾರೆ ಅಂತ ಇಲ್ಲಿ ಬರೆಯೋಕೆ ಆಗಲ್ಲ.

ನೋಡಿ, ಈ ಅರ್ಥದಲ್ಲಿ ತಪ್ಪು ಹುಡುಕುವುದು ಎಲ್ಲೂ ಇಲ್ಲ. ಹೊಗಳುವುದೂ ಇಲ್ಲ. ಹುಳುಕಿದ್ದರೆ ಕೈಗೆ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ. ಇಡೀ ಮೆಚ್ಚುಗೆಯೇ ತುಂಬಿರುವ ಬರಹವೂ ಒಳ್ಳೆಯ ವಿಮರ್ಶೆ ಆಗಬಹುದು. ಅದಕ್ಕೇ ‘ಪಿಚ್ಚರ್ ಛಲೋ ಅದ, ವಿಮರ್ಶೆ ಮಾಡಬ್ಯಾಡ್ರಿ’ ಅನ್ನೋದು ನನಗೆ ‘ತೊಗರಿ ಛಲೋ ಅದ, ಮುಟ್ಟಬ್ಯಾಡ್ರಿ’ ಅಂದಹಾಗೆ ಕೇಳುತ್ತದೆ. ಅನುಮಾನ ಬರೋದು ಆಗಲೇ.

ತಪ್ಪು ಹುಡುಕುವುದು ಅನ್ನೋ ಅರ್ಥ ಎಲ್ಲಿಂದ ಬಂತು? ಒಂದು ದಾರಿ ನನಗೆ ಕಾಣುತ್ತದೆ. ಸೇಡಂ, ಗುರುಮಠಕಲ್ ಕಡೆ ತೆಲುಗು ಚಾನೆಲ್ ಜಾಸ್ತಿ ನೋಡುತ್ತಾರೆ. ತೆಲುಗು ಸುದ್ದಿಯಲ್ಲಿ ‘ವಿಮರ್ಶಲು’ ಅಂದರೆ ಒಬ್ಬ ರಾಜಕಾರಣಿ ಇನ್ನೊಬ್ಬನ ಮೇಲೆ ಮಾಡುವ ವಾಗ್ದಾಳಿ. ಸಿನಿಮಾದ ಬಗ್ಗೆ ಬರೆಯುವುದಕ್ಕೆ ಅವರು ‘ಸಮೀಕ್ಷ’ ಅಂತಾರೆ. ಹಿಂದಿಯಲ್ಲೂ ಸಮೀಕ್ಷಾ. ನಮ್ಮಲ್ಲಿ ಸಮೀಕ್ಷೆ ಅಂದರೆ ಮನೆ ಬಾಗಿಲಿಗೆ ಬಂದು ಎಷ್ಟು ಜನ ಇದೀರಿ, ಪಾಯಖಾನೆ ಇದೆಯಾ ಅಂತ ಬರೆದುಕೊಂಡು ಹೋಗುವುದು. ಇತ್ತೀಚೆಗೆ ಕೆಲವರು ‘ಚಿತ್ರ ಸಮೀಕ್ಷೆ’ ಅಂತ ಬರೆಯಲು ಶುರು ಮಾಡಿದ್ದಾರೆ. ದಯವಿಟ್ಟು ಬೇಡ. ಆಳಂದ, ಬಸವಕಲ್ಯಾಣದ ಆಚೆ ಮರಾಠಿಯವರು ‘ಪರೀಕ್ಷಣ’ ಅಂತಾರೆ. ಅದು ಅವರಿಗೆ ಇರಲಿ.

ಇನ್ನೊಂದು ಅಪರಾಧಿ ‘ಟೀಕೆ’. ವಿಮರ್ಶೆ, ಟೀಕೆ ಎರಡೂ ಒಂದೇ ಅಂತ ತಿಳಿದವರು ಬಹಳ. ಅವರಿಗೆ ಗೊತ್ತಿಲ್ಲದ ಸಂಗತಿ ಅಂದರೆ ಟೀಕೆಯೂ ಮೊದಲು ಬೈಗುಳ ಆಗಿರಲಿಲ್ಲ. ಮೂಲ ಗ್ರಂಥವನ್ನು ಬಿಡಿಸಿ ತಿಳಿಸುವ ವ್ಯಾಖ್ಯಾನಕ್ಕೆ ಟೀಕೆ ಅನ್ನುತ್ತಿದ್ದರು. ಮಳಖೇಡದಲ್ಲಿ ಭಕ್ತರು ಪೂಜಿಸುವ ಜಯತೀರ್ಥರನ್ನು ಟೀಕಾಚಾರ್ಯರು ಅಂತ ಕರೆಯುವುದು ಅವರು ಮಧ್ವಾಚಾರ್ಯರನ್ನು ಬೈದರು ಅಂತಲ್ಲ, ಮಧ್ವರ ಗ್ರಂಥಗಳನ್ನು ಬಿಡಿಸಿ ಹೇಳಿದರು ಅಂತ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರ ಬರೆದ ಮಿತಾಕ್ಷರವೂ ಯಾಜ್ಞವಲ್ಕ್ಯ ಸ್ಮೃತಿಯ ಮೇಲಿನ ವ್ಯಾಖ್ಯಾನ. ಆಸ್ತಿ ಪಾಲಿನ ವಿಷಯದಲ್ಲಿ ಕೋರ್ಟುಗಳು ಶತಮಾನಗಳ ನಂತರವೂ ಅದನ್ನು ನೋಡುತ್ತಿದ್ದವು. ಅಂಥ ಪದವನ್ನು ನಾವು ಎಳೆದು ತಂದು ‘ಟೀಕೆ ಟಿಪ್ಪಣಿ ಬ್ಯಾಡ’ ಅನ್ನೋ ಮಟ್ಟಕ್ಕೆ ಇಳಿಸಿದ್ದೇವೆ. ಟೀಕೆ ಕೈಬಿಟ್ಟು ಹೋಯಿತು, ಇನ್ನು ಮರಳಿ ಬರಲ್ಲ. ವಿಮರ್ಶೆಯನ್ನಾದರೂ ಉಳಿಸಿಕೊಳ್ಳೋಣ ಅಂತ ನನ್ನ ಜಗಳ.

ಉರ್ದು ಗೊತ್ತಿದ್ದವರಿಗೆ ಇದೆಲ್ಲಾ ಬೇಗ ತಿಳಿಯುತ್ತದೆ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲೇ ಶಾಲೆ ಕಲಿತ ಹಿರಿಯರು ನಮ್ಮ ಕಡೆ ಬಹಳ ಇದ್ದರು. ವಿಮರ್ಶೆಗೆ ಅವರ ಮಾತು ತನ್ಖೀದ್. ಅದು ಬಂದಿರೋದು ಅರಬ್ಬಿಯ ಒಂದು ಬೇರಿನಿಂದ. ನಾಣ್ಯ ಅಸಲಿಯೋ ನಕಲಿಯೋ ಅಂತ ಪರೀಕ್ಷೆ ಮಾಡುವುದು ಅದರ ಅರ್ಥ. ನಾವು ದಿನಾ ಆಡುವ ‘ನಗದು’ ಅದೇ ಬೇರಿನ ಇನ್ನೊಂದು ಚಿಗುರು. ಅಲ್ಲಿಯೂ ಬೈಗುಳ ಇಲ್ಲ ನೋಡಿ. ನಾಣ್ಯವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಬೇಕು, ಅಷ್ಟೇ. ನಮ್ಮವರು ಮುಟ್ಟಿದರು, ಅವರು ಹಿಡಿದು ನೋಡಿದರು. ಮೆಸೇಜ್ ಹಾಕಿದವನೊಬ್ಬನೇ ದೂರದಿಂದ ಕೈಮುಗಿದ.

ಸಿನಿಮಾದವರಿಗೇ ಸಂಬಂಧಪಟ್ಟ ಇನ್ನೊಂದು ಅರ್ಥ ಇದೆ. ಇದು ನನಗೆ ಬಹಳ ಇಷ್ಟವಾದದ್ದು, ಆದ್ದರಿಂದ ಸಹಿಸಿಕೊಳ್ಳಿ. ನಾಟ್ಯಶಾಸ್ತ್ರದಲ್ಲಿ ಕಥೆಗೆ ಐದು ಸಂಧಿಗಳು, ಅಂದರೆ ಐದು ಘಟ್ಟಗಳು: ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ. ನಾಲ್ಕನೆಯದು ವಿಮರ್ಶ. ಕೆಲವರು ಅವಮರ್ಶ ಅಂತಲೂ ಅಂತಾರೆ. ಗರ್ಭದಲ್ಲಿ ಕಥೆಯ ಬೀಜ ಬೆಳೆದಿರುತ್ತದೆ, ನಾಯಕನಿಗೆ ಫಲ ಇನ್ನೇನು ಸಿಕ್ಕೇಬಿಟ್ಟಿತು ಅನ್ನಿಸುತ್ತದೆ. ಆಗ ಸಿಟ್ಟಿನಿಂದಲೋ ಆಪತ್ತಿನಿಂದಲೋ ಆಸೆಯಿಂದಲೋ ಎಲ್ಲಾ ಅಡ್ಡಾದಿಡ್ಡಿ ಆಗುತ್ತದೆ. ಪಾತ್ರಗಳು ನಿಂತು ಯೋಚನೆ ಮಾಡಬೇಕಾಗುತ್ತದೆ. ಅದು ವಿಮರ್ಶ. ನಮ್ಮ ಲೆಕ್ಕದಲ್ಲಿ ಇಂಟರ್ವಲ್ ಆದಮೇಲೆ, ಕ್ಲೈಮ್ಯಾಕ್ಸಿಗೆ ಮುಂಚಿನ ಭಾಗ. ನಾವೆಲ್ಲಾ ಚಾ ಅಂಗಡಿಯಲ್ಲಿ ನಿಂತು ‘ಸೆಕೆಂಡ್ ಹಾಫ್ ಲ್ಯಾಗ್ ಅದ’ ಅಂತ ದೂರುವುದು ಸರಿಯಾಗಿ ಇದೇ ಜಾಗವನ್ನು! ಅಲ್ಲಿ ಹೊಡೆದಾಟ ಇರುತ್ತದೆ, ಅಡ್ಡಿ ಇರುತ್ತದೆ, ಯೋಚನೆ ಇರಲ್ಲ. ಎಷ್ಟೋ ಪಿಚ್ಚರುಗಳಲ್ಲಿ ಗರ್ಭದಿಂದ ನೇರ ನಿರ್ವಹಣಕ್ಕೆ ಹಾರುತ್ತಾರೆ, ನಡುವಿನ ಗುಂಡಿ ಕಾಣಬಾರದು ಅಂತ ಒಂದು ಹಾಡು ಹಾಸುತ್ತಾರೆ. ಪಿಚ್ಚರಿನ ಒಳಗೇ ವಿಮರ್ಶ ಇಲ್ಲ ಅಂದಮೇಲೆ ಹೊರಗೆ ವಿಮರ್ಶೆ ಬೇಡ ಅನ್ನುವುದರಲ್ಲಿ ಒಂದು ನ್ಯಾಯ ಇದೆ ಅನ್ನಿ.

(ವೀರಶೈವ ಗ್ರಂಥಗಳಲ್ಲಿ ಬರುವ ವಿಮರ್ಶಾಶಕ್ತಿ ಇನ್ನೂ ದೊಡ್ಡ ವಿಷಯ. ಅದಕ್ಕೆ ಮಠದ ಸ್ವಾಮಿಗಳನ್ನು ಕೇಳಿ, ನನ್ನನ್ನಲ್ಲ.)

‘ಲ್ಯಾಗ್ ಅದ’ ಅನ್ನೋದು ವಿಮರ್ಶೆಯಾ? ಅಲ್ಲ. ‘ಬೋರ್ ಹೊಡೀತದ’, ‘ರೊಕ್ಕ ದಂಡ’, ‘ಒಂದು ಸಲ ನೋಡಬಹುದು’, ಇವು ಯಾವುವೂ ಅಲ್ಲ. ಇವು ಅಭಿಪ್ರಾಯ. ಅಭಿಪ್ರಾಯದ ಮೇಲೆ ನನಗೆ ಸಿಟ್ಟಿಲ್ಲ. ಟಿಕೆಟ್ ತೆಗೆಯುವ ಮುಂಚೆ ನಾನೂ ಇವನ್ನೇ ಕೇಳುತ್ತೇನೆ. ಅಭಿಪ್ರಾಯ ಅಂತಲೇ ಕರೆಯಿರಿ, ಮುಗೀತು.

ವಿಮರ್ಶೆ ಅಂದರೆ ಇಂಥದ್ದು. ಹೋದ ದೀಪಾವಳಿಗೆ ನಮ್ಮ ಕಾಕುನ್ನ (ಚಿಕ್ಕಮ್ಮನ್ನ) ಪಿಚ್ಚರಿಗೆ ಕರೆದುಕೊಂಡು ಹೋಗಿದ್ದೆವು. ಕಾಕು ಶಾಲೆ ಮುಖ ನೋಡಿದವಳಲ್ಲ. ತೆರೆಯ ಮೇಲೆ ನಾಯಕಿ ಊಟ ಬಿಟ್ಟು ಮೂರು ದಿನ ಕೋಣೆಯಲ್ಲಿ ಅಳುತ್ತಾಳೆ. ಕಾಕು ನನ್ನ ಕಿವಿಯಲ್ಲಿ, ‘ಮೂರು ದಿನ ಉಣ್ಣದಾಕಿ ಮಾರಿ ಹಿಂಗ ಹೊಳೀತದೇನೋ ತಮ್ಮಾ? ತುಟಿ ನೋಡು, ಒಣಗೇ ಇಲ್ಲ’ ಅಂದಳು. ಆಮೇಲೆ ಆ ಹುಡುಗಿಯ ತಂದೆ ಬಂದು ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು, ಒಳಗೆ ಬರದೇ, ಮತ್ತೆ ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಾನೆ. ಕಾಕು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಹೊರಗೆ ಬಂದಮೇಲೆ, ‘ಆಕಿ ಅಳೋದೆಲ್ಲಾ ಸುಳ್ಳು, ಆ ಚಪ್ಪಲಿ ಒಂದೇ ಖರೆ’ ಅಂದಳು.

ನಾವು ಆರು ಮಂದಿ ಕಲಿತವರು ಮಿರ್ಚಿ ಭಜಿ ತಿನ್ನುತ್ತಾ ‘ಸೂಪರ್’, ‘ಠೀಕ್ ಅದ’ ಅಂತ ಹೇಳಿ ಮುಗಿಸಿದ್ದೆವು. ಕಾಕು ಮಾತ್ರ ಚೀಲಕ್ಕೆ ಕೈ ಹಾಕಿದ್ದಳು.

ಇದರಲ್ಲಿ ಅಚ್ಚರಿ ಪಡುವಂಥದ್ದೂ ಇಲ್ಲ. ಇಲ್ಲಿಂದ 40 ಕಿಲೋಮೀಟರ್ ಆಸುಪಾಸಿನಲ್ಲಿ, ಕಾಗಿಣಾ ದಂಡೆಯ ಮಳಖೇಡದಲ್ಲಿ, 9ನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದ ಶ್ರೀವಿಜಯ ಕವಿರಾಜಮಾರ್ಗ ಬರೆದ. ಈ ನಾಡಿನವರು ಕುರಿತು ಓದದಿದ್ದರೂ ಕಾವ್ಯ ಬಲ್ಲವರು ಅಂತ ಅದರಲ್ಲಿ ಹೇಳಿದ. ಆ ಮಾತನ್ನು ಎಲ್ಲರೂ ಭಾಷಣದಲ್ಲಿ ಬಳಸುತ್ತಾರೆ. ಅದರ ಮೊದಲ ಪರಿಚ್ಛೇದದ ಹೆಸರನ್ನು ಮಾತ್ರ ಯಾರೂ ಹೇಳಲ್ಲ: ದೋಷಾದೋಷಾನುವರ್ಣನ ನಿರ್ಣಯಂ. ಬರೀ ದೋಷ ಅಲ್ಲ. ದೋಷ, ಅದೋಷ ಎರಡೂ. ಚಪ್ಪಲಿಯೂ ಬೇಕು, ಒಣಗದ ತುಟಿಯೂ ಬೇಕು.

ನನ್ನ ಸ್ವಂತ ತಕರಾರು ಒಂದನ್ನು ಸೇರಿಸಿಬಿಡುತ್ತೇನೆ, ಇದು ವಿಮರ್ಶೆ ಅಂತ ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಕಥೆ ಕಲಬುರಗಿಯದು ಅಂತ ತೋರಿಸಲು ಕೋಟೆಯನ್ನೋ ಶರಣಬಸಪ್ಪನ ಗುಡಿಯನ್ನೋ ಮೇಲಿಂದ ಒಂದು ಸುತ್ತು ತೋರಿಸುತ್ತಾರೆ. ಆಮೇಲೆ ಪಾತ್ರ ಬಾಯಿ ಬಿಟ್ಟರೆ ‘ಐತಿ’, ‘ಬರಾಕತ್ತಾನ’. ಅದು ಹುಬ್ಬಳ್ಳಿ ಕಡೆಯ ಮಾತು. ನಮ್ಮಲ್ಲಿ ‘ಅದ’, ‘ಬರ್ಲತ್ತಾನ’. ಉತ್ತರ ಕರ್ನಾಟಕ ಅಂತ ಎಲ್ಲಾ ಕಾಳು ಒಂದೇ ಚೀಲಕ್ಕೆ ಸುರಿದರೆ ಹೀಗೇ ಆಗೋದು. ‘ಭಾಷೆ ಸರಿಯಿಲ್ಲ’ ಅಂದರೆ ಅದು ಸಿಡುಕು, ಷಕಾರದ್ದು. ಯಾವ ಪಾತ್ರ, ಯಾವ ಮಾತು, ಯಾಕೆ ಸಲ್ಲದು ಅಂತ ಬೆರಳಿಟ್ಟು ತೋರಿಸಿದರೆ ಶಕಾರದ್ದು.

ಉಳಿದ ರೂಪಗಳು ಸರಳ. ವಿಮರ್ಶಿಸು, ವಿಮರ್ಶಕ, ವಿಮರ್ಶಕಿ, ವಿಮರ್ಶಾತ್ಮಕ. ಎಲ್ಲದರಲ್ಲೂ ಅದೇ ಶರಣಬಸಪ್ಪ. ‘ನೆಗೆಟಿವ್ ವಿಮರ್ಶೆ’ ಅಂತ ಬರೆಯುವವರು ಬೈಗುಳ ಅಂತಲೇ ಬರೆಯಲಿ, ಕನ್ನಡದಲ್ಲಿ ಅದಕ್ಕೆ ಪದಗಳ ಬರ ಇಲ್ಲ.

ಗೆಳೆಯನಿಗೆ ಇಷ್ಟೆಲ್ಲಾ ಹೇಳಲಿಲ್ಲ. ‘ಷ ಅಲ್ಲೋ, ಶ’ ಅಂತಷ್ಟೇ ಬರೆದು, ಪಿಚ್ಚರಿನಲ್ಲಿ ಏನು ಹಿಡಿಸಿತು ಅಂತ ಕೇಳಿದೆ. ಅವನು ಮೂರು ಬೆಂಕಿ ಚಿತ್ರ ಕಳಿಸಿದ. ಮತ್ತೆ ಕೇಳಿದೆ. ‘ನೀ ಭಾಳ ವಿಮರ್ಶೆ ಮಾಡ್ತಿ’ ಅಂತ ಉತ್ತರ ಬಂತು. ಈ ಸಲ ಕಾಗುಣಿತ ಸರಿ ಇತ್ತು.