ಹೆಂಚಿನ ಮೇಲೆ ಮತ್ತೆ ಆಂಟೆನಾ

ತೀರ್ಥಹಳ್ಳಿ ಕಡೆಯ ಅಕ್ಕನ ಮನೆಯ ಮಾಡಿನ ಪಕ್ಕ ಇಪ್ಪತ್ತಡಿಯ ಕಬ್ಬಿಣದ ಪೈಪೊಂದು ನಿಂತಿದೆ. ದೂರದರ್ಶನದ ಕಾಲದಲ್ಲಿ ಮೀನಿನ ಮುಳ್ಳಿನಂಥ ಆಂಟೆನಾ ಹೊತ್ತಿದ್ದ ಪೈಪು. ಡಿಷ್ ಬಂದ ಮೇಲೆ ಆಂಟೆನಾ ಗುಜರಿಗೆ ಹೋಯಿತು, ಪೈಪಿಗೆ ಬಟ್ಟೆ ಒಣಹಾಕುವ ಹಗ್ಗದ ತುದಿ ಹಿಡಿದುಕೊಳ್ಳುವ ಕೆಲಸ ಉಳಿಯಿತು. ಕಳೆದ ಮಳೆಗಾಲಕ್ಕೆ ಮುಂಚೆ ಒಬ್ಬ ಹುಡುಗ ಬಂದು ಅದೇ ಪೈಪಿನ ತುದಿಗೆ ಇಂಟರ್ನೆಟ್ಟಿಗೆಂದು ಟಿಫಿನ್ ಡಬ್ಬಿಯಷ್ಟು ದೊಡ್ಡ ಬಿಳಿ ಪೆಟ್ಟಿಗೆ ಬಿಗಿದ. ಮೊಬೈಲ್ ನೋಡುತ್ತ ಅದನ್ನು ಅತ್ತ ಇತ್ತ ತಿರುಗಿಸಿ ಟವರಿನ ದಿಕ್ಕು ಹಿಡಿದ. ಕೆಳಗೆ ನಿಂತು ನೋಡುತ್ತಿದ್ದ ಅಕ್ಕನಿಗೆ ಹಳೆಯದೆಲ್ಲ ನೆನಪಾಗಿರಬೇಕು. "ಮಳೆ ಹೊಡದ್ರೆ ಚುಕ್ಕಿ ಚುಕ್ಕಿ ಬರ್ತದೇನಾ ತಮ್ಮಾ?" ಅಂದಳು.

ಹುಡುಗ ನಕ್ಕ. ಪ್ರಶ್ನೆ ಮಾತ್ರ ನಗುವಂಥದ್ದಾಗಿರಲಿಲ್ಲ. ಉತ್ತರಕ್ಕೆ ಆಮೇಲೆ ಬರುತ್ತೇನೆ.

ಆ ಮನೆಗೆ ಮೊದಲು ಇಂಟರ್ನೆಟ್ ತರುತ್ತಿದ್ದದ್ದು ಕೇಬಲ್. ರಸ್ತೆಯಿಂದ ಮನೆಯವರೆಗೆ ಅಡಿಕೆ ಮರದಿಂದ ಅಡಿಕೆ ಮರಕ್ಕೆ ಕಟ್ಟಿಕೊಂಡು ಬಂದ ಫೈಬರ್, ಅಂದರೆ ಬೆಳಕಿನಲ್ಲಿ ಮಾಹಿತಿ ಒಯ್ಯುವ ಗಾಜಿನ ಎಳೆ. ಗಾಳಿಗೆ ಸೋಗೆ ಬಿದ್ದರೂ ಕಡಿಯುತ್ತಿತ್ತು, ರಸ್ತೆ ಅಗಲ ಮಾಡುವ ಜೆಸಿಬಿ ಬಂದರೂ ಕಡಿಯುತ್ತಿತ್ತು. ಜೋಡಿಸುವವರು ಬರಲು ಕೆಲವೊಮ್ಮೆ ವಾರ. ಇಂಥ ಮನೆಗಳೇ, ಮೊಬೈಲ್ ಟವರಿನಿಂದ ಗಾಳಿಯಲ್ಲೇ ಮನೆಗೆ ಇಂಟರ್ನೆಟ್ ತರುವ 'ಏರ್‌ಫೈಬರ್' ಎಂಬ ವಿಚಿತ್ರ ಹೆಸರಿನ ಸರಕಿಗೆ ಗಿರಾಕಿ. ಏರ್‌ಟೆಲ್ ಅದನ್ನು 2023ರ ಆಗಸ್ಟ್‌ನಲ್ಲಿ ದೆಹಲಿ, ಮುಂಬೈಗಳಲ್ಲಿ ತಂದಿತು. ಮರುತಿಂಗಳು ಜಿಯೋ ಬೆಂಗಳೂರೂ ಸೇರಿ ಎಂಟು ನಗರಗಳಲ್ಲಿ ಶುರು ಮಾಡಿತು. ಗಾಳಿಯಲ್ಲಿ ಬರುವುದನ್ನು ಫೈಬರ್ ಎಂದು ಕರೆದದ್ದರಲ್ಲೇ ಮಾರುವವರ ಮನಸ್ಸಿನ ಅಳುಕು ಕಾಣುತ್ತದೆ. ತಂತಿಗೆ ಇರುವ ಮರ್ಯಾದೆಯನ್ನು ಗಾಳಿ ಕಡ ತಂದುಕೊಂಡಿದೆ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮೀಡಿಯಾ ಲ್ಯಾಬ್ ಕಟ್ಟಿದ ನಿಕೊಲಸ್ ನೆಗ್ರೊಪಾಂಟೆ ಎಂಬತ್ತರ ದಶಕದಲ್ಲಿ ಒಂದು ಮಾತು ಹೇಳುತ್ತಿದ್ದರು. ತಂತಿಯಲ್ಲಿ ಹರಿಯುತ್ತಿರುವ ಫೋನು ಗಾಳಿಗೆ ಹೋಗುತ್ತದೆ, ಗಾಳಿಯಲ್ಲಿ ಬರುತ್ತಿರುವ ಟೀವಿ ತಂತಿಗೆ ಇಳಿಯುತ್ತದೆ ಎಂದು. ಕೂತಲ್ಲೇ ಇರುವ ಟೀವಿಗೆ ಗಾಳಿಯನ್ನು ದಂಡ ಮಾಡುವುದು ಯಾಕೆ, ಓಡಾಡುವ ಮನುಷ್ಯನಿಗೆ ಅದು ಬೇಕು ಎಂಬುದು ಅವರ ತರ್ಕ. ಬಹುಮಟ್ಟಿಗೆ ಹಾಗೇ ಆಯಿತು. ಈಗ ಅಕ್ಕನ ಮನೆಯ ಟೀವಿ ಮಾತ್ರ ಕೂತಲ್ಲೇ ಕೂತು ಮತ್ತೆ ಗಾಳಿಯಿಂದ ಧಾರಾವಾಹಿ ಎಳೆದುಕೊಳ್ಳುತ್ತಿದೆ.

ಗಾಳಿಯ ಇಂಟರ್ನೆಟ್ ಹೊಸದೇನಲ್ಲ. ಹವಾಯಿಯ ದ್ವೀಪಗಳ ನಡುವೆ ಸಮುದ್ರವಿದೆ, ತಂತಿ ಎಳೆಯುವುದು ದುಬಾರಿ. ಅಲ್ಲಿನ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್‌ಸನ್ ಮತ್ತು ಸಂಗಡಿಗರು 1971ರಲ್ಲಿ ರೇಡಿಯೋ ಮೂಲಕ ಕಂಪ್ಯೂಟರುಗಳನ್ನು ಜೋಡಿಸಿದರು. ಹೆಸರು ಅಲೋಹಾನೆಟ್, ವೇಗ ಸೆಕೆಂಡಿಗೆ 9,600 ಬಿಟ್ (ಬಿಟ್ ಅಂದರೆ ಮಾಹಿತಿಯ ಅತಿ ಸಣ್ಣ ತುಣುಕು). ನಿಯಮ ಸರಳ: ಮಾತಾಡಬೇಕೆನಿಸಿದಾಗ ಮಾತಾಡು, ಇನ್ನೊಬ್ಬರ ಮಾತಿಗೆ ಡಿಕ್ಕಿ ಹೊಡೆದು ಎರಡೂ ಹಾಳಾದರೆ ಸ್ವಲ್ಪ ತಡೆದು ಮತ್ತೆ ಹೇಳು. ಗಣಿತ ಮಾಡಿ ನೋಡಿದರೆ ಹೀಗೆ ನಡೆಸಿದಾಗ ಗಾಳಿಯ ಸಾಮರ್ಥ್ಯದಲ್ಲಿ ಹೆಚ್ಚೆಂದರೆ ಶೇ 18ರಷ್ಟು ಮಾತ್ರ ಬಳಕೆಗೆ ಸಿಗುತ್ತಿತ್ತು. ಉಳಿದದ್ದು ಡಿಕ್ಕಿಗೆ ಮತ್ತು ಮೌನಕ್ಕೆ. ಈ ವಿಚಾರವನ್ನು ಓದಿ ತಿದ್ದಿದ ಬಾಬ್ ಮೆಟ್‌ಕಾಫ್ 1973ರಲ್ಲಿ ಅದನ್ನು ತಂತಿಯೊಳಗೆ ಇಳಿಸಿ ಈಥರ್‌ನೆಟ್ ಎಂದು ಕರೆದರು. ಬೆಳಕು ಸಾಗಲು ಆಕಾಶದಲ್ಲೆಲ್ಲ ತುಂಬಿದೆ ಎಂದು ಹಿಂದಿನವರು ನಂಬಿದ್ದ 'ಈಥರ್' ಅದು. ಇವತ್ತು ನಾವು ರೌಟರಿಗೆ ಸಿಕ್ಕಿಸುವ ನೀಲಿ ವೈರಿಗೆ ಆಕಾಶದ ಹೆಸರಿದೆ, ಹೆಂಚಿನ ಮೇಲಿನ ಆಂಟೆನಾಕ್ಕೆ ತಂತಿಯ ಹೆಸರಿದೆ. ತಮಾಷೆಯೇ.

ನಮ್ಮಲ್ಲೂ ಇದರ ಹಳೆಯ ಜಾಡುಗಳಿವೆ. ತೊಂಬತ್ತರ ದಶಕದಲ್ಲಿ ಮದ್ರಾಸ್ ಐಐಟಿಯ ಅಶೋಕ್ ಝುನ್‌ಝುನ್‌ವಾಲಾ ಅವರ ಗುಂಪು ಕಾರ್‌ಡೆಕ್ಟ್ ಎಂಬ ತಂತಿಯಿಲ್ಲದ ಫೋನ್ ವ್ಯವಸ್ಥೆ ಕಟ್ಟಿತು. ತಾಮ್ರದ ತಂತಿ ಹೂಳುವ ಖರ್ಚು ಹಳ್ಳಿಗಳಿಗೆ ಹೊಂದುವುದಿಲ್ಲ ಎಂಬುದೇ ಅದರ ಹಿಂದಿನ ಲೆಕ್ಕ. ಫೋನಿನ ಜೊತೆಗೆ ಸೆಕೆಂಡಿಗೆ 35ರಿಂದ 70 ಕಿಲೋಬಿಟ್ ಇಂಟರ್ನೆಟ್ಟೂ ಸಿಗುತ್ತಿತ್ತು. 2010ರಲ್ಲಿ ಸರ್ಕಾರ ಮನೆಮನೆಗೆ ಗಾಳಿಯ ಬ್ರಾಡ್‌ಬ್ಯಾಂಡ್ ಒಯ್ಯಲೆಂದೇ 2.3 ಗಿಗಾಹರ್ಟ್ಜ್ ತರಂಗಾಂತರ, ಅಂದರೆ ರೇಡಿಯೋ ಅಲೆಗಳ ಒಂದು ಪಟ್ಟಿ, ಹರಾಜು ಹಾಕಿತು. ದೇಶದ 22 ವಲಯಗಳನ್ನೂ ಗೆದ್ದದ್ದು ಇನ್ಫೋಟೆಲ್ ಎಂಬ ಸಣ್ಣ ಕಂಪನಿ. ಬೆನ್ನಿಗೇ ರಿಲಯನ್ಸ್ ಅದರ ಶೇ 95 ಪಾಲನ್ನು 4,800 ಕೋಟಿಗೆ ಕೊಂಡಿತು. ಮುಂದೆ ಜಿಯೋ ಆದದ್ದು ಇದೇ. ಕರ್ನಾಟಕದ ಪಾಲು ಏರ್‌ಟೆಲ್‌ಗೂ ಬಂದಿತ್ತು. 2012ರಲ್ಲಿ ಕೋಲ್ಕತ್ತದ ನಂತರ ಬೆಂಗಳೂರಿನಲ್ಲಿ ಅದು 4ಜಿ ಆರಂಭಿಸಿದಾಗ ಕೊಟ್ಟದ್ದು ಫೋನಿನಲ್ಲಲ್ಲ, ಕಂಪ್ಯೂಟರಿಗೆ ಸಿಕ್ಕಿಸುವ ಡಾಂಗಲ್ ಮತ್ತು ಮನೆಯ ಡಬ್ಬಿಗಳಲ್ಲಿ. ಆಮೇಲೆ ಫೋನುಗಳು ಬಂದು ಆ ಗಾಳಿಯನ್ನೆಲ್ಲ ಕುಡಿದುಬಿಟ್ಟವು. ಮನೆಗೆಂದು ತಂದದ್ದು ಜೇಬಿಗೆ ಹೋಯಿತು.

ಹಾಗಾದರೆ ಈಗ ಮತ್ತೆ ಮನೆಗೆ ಹೇಗೆ ಬಂತು?

ಟವರಿನ ಒಂದು ದಿಕ್ಕಿಗೆ ಸಿಗುವ ಗಾಳಿಯನ್ನು ನಾಲೆಯ ನೀರು ಅಂದುಕೊಳ್ಳಿ. 2022ರ ಹರಾಜಿನಲ್ಲಿ ಜಿಯೋ, ಏರ್‌ಟೆಲ್ ಎರಡೂ 3.3 ಗಿಗಾಹರ್ಟ್ಜ್ ಪಟ್ಟಿಯಲ್ಲಿ 100 ಮೆಗಾಹರ್ಟ್ಜ್‌ನಂತೆ ಕೊಂಡವು. ಅನೇಕ ಆಂಟೆನಾಗಳನ್ನು ಒಟ್ಟಿಗೆ ದುಡಿಸುವ ಇಂದಿನ 5ಜಿಯಲ್ಲಿ ಇದರಿಂದ ಒಂದು ದಿಕ್ಕಿಗೆ, ಎಲ್ಲ ಚೆನ್ನಾಗಿದ್ದರೆ, ಸೆಕೆಂಡಿಗೆ ಒಂದು ಗಿಗಾಬಿಟ್ (ಸಾವಿರ ಮೆಗಾಬಿಟ್) ಸುಮಾರು ಹರಿಸಬಹುದು. ಇದು ನಾಲೆಯ ಒಟ್ಟು ನೀರು, ಒಬ್ಬರದ್ದಲ್ಲ. 5ಜಿ ಬಂದ ಹೊಸದರಲ್ಲಿ ನೀರು ಬಿಟ್ಟಾಗಿದೆ, ಗದ್ದೆಗಳೇ ಇಲ್ಲ. 5ಜಿ ಫೋನ್ ಕೈಯಲ್ಲಿದ್ದವರೂ ಕಡಿಮೆ, ಅದಕ್ಕೆಂದೇ ಬೇಕಾದ ಕೆಲಸವೂ ಇಲ್ಲ. ಕೋಟಿಗಟ್ಟಲೆ ಕೊಟ್ಟ ತರಂಗಾಂತರ ಸುಮ್ಮನೆ ಹರಿದು ಹೋಗುತ್ತಿತ್ತು. ಅದನ್ನು ಮನೆಗಳಿಗೆ ತಿರುಗಿಸಿದರು, ಅಷ್ಟೇ. ಅಮೆರಿಕದ ಟಿ-ಮೊಬೈಲ್ 2021ರಲ್ಲಿ ಇದನ್ನೇ ಮಾಡಿತ್ತು. ವಿಳಾಸ ಕೇಳಿ, ಆ ದಿಕ್ಕಿನ ಟವರಿನಲ್ಲಿ ಮಿಗುವಷ್ಟಿದ್ದರೆ ಮಾತ್ರ ಸಂಪರ್ಕ ಕೊಡುವುದು ಅದರ ಪದ್ಧತಿ. ಮಿಕ್ಕದ್ದನ್ನು ಮಾರುವ ಈ ವ್ಯಾಪಾರ ಎಷ್ಟು ಬೆಳೆಯಿತೆಂದರೆ, ಅಲ್ಲಿ 2022 ಮತ್ತು 2023ರಲ್ಲಿ ಹೆಚ್ಚಿದ ಬ್ರಾಡ್‌ಬ್ಯಾಂಡ್ ಗ್ರಾಹಕರಲ್ಲಿ ಬಹುಪಾಲು ಗಾಳಿಗೆ ಬಂದವರು. ಕೇಬಲ್ ಕಂಪನಿಗಳ ಬುಡ ಅಲ್ಲಾಡಿತು.

ನಾಲೆಯ ಹೋಲಿಕೆ ಇನ್ನೂ ಸ್ವಲ್ಪ ದೂರ ಬರುತ್ತದೆ. ಕೊನೆ ಭಾಗದ ರೈತರ ಗೋಳು ನಮಗೆ ಗೊತ್ತಲ್ಲ. ಟವರಿಗೆ ಹತ್ತಿರ, ಸಿಗ್ನಲ್ ಸ್ವಚ್ಛ ಇರುವ ಮನೆಗೆ ಅಲೆಯ ಒಂದೊಂದು ಮಿಡಿತದ ಮೇಲೂ 8 ಬಿಟ್ ಹೇರಿ ಕಳಿಸಬಹುದು. ದೂರದ, ಸಿಗ್ನಲ್ ಕ್ಷೀಣವಾದ ಮನೆಗೆ ಅಷ್ಟು ಸೂಕ್ಷ್ಮವಾಗಿ ಹೇಳಿದರೆ ಅರ್ಥವಾಗುವುದಿಲ್ಲ. 2 ಬಿಟ್ ಮಾತ್ರ ಹೇರಿ ಬಿಡಿಸಿ ಬಿಡಿಸಿ ಹೇಳಬೇಕು. ಅದೇ ಸಿನಿಮಾಗೆ ನಾಲ್ಕು ಪಟ್ಟು ಹೊತ್ತು. ನಾಲೆಯ ಕೊನೆಯವನು ತನಗೆ ಸಾಲಲಿಲ್ಲ ಎಂದು ಕೊರಗುತ್ತಾನೆ. ಟವರಿನ ಕೊನೆಯವನು ತನ್ನ ಪಾಲು ಪಡೆಯುವ ಹೊತ್ತಿಗೆ ಮೇಲಿನವರ ನೀರನ್ನೂ ಎಳೆದುಬಿಡುತ್ತಾನೆ. ಅದಕ್ಕೇ ಪೆಟ್ಟಿಗೆಯನ್ನು ಮನೆಯೊಳಗೆ ಇಡದೆ ಇಪ್ಪತ್ತಡಿ ಮೇಲೆ ಬಿಗಿಯುವುದು. ಅಲ್ಲಿ ಗೋಡೆ ಅಡ್ಡವಿಲ್ಲ, ಒಂದೇ ದಿಕ್ಕಿಗೆ ಕಿವಿಗೊಟ್ಟ ಆಂಟೆನಾ ಸಣ್ಣ ದನಿಯನ್ನೂ ಹಿಡಿಯುತ್ತದೆ. ಇದು ಮನೆಯವರ ಸುಖಕ್ಕಷ್ಟೇ ಅಲ್ಲ, ಕಂಪನಿಯ ನಾಲೆ ಉಳಿಸಿಕೊಳ್ಳುವುದಕ್ಕೂ.

ಮನೆ ಕುಡಿಯುವ ನೀರೂ ಸಾಮಾನ್ಯವಲ್ಲ. ಟೀವಿಯಲ್ಲಿ ಒಳ್ಳೆಯ ಚಿತ್ರಕ್ಕೆ ಸೆಕೆಂಡಿಗೆ 5 ಮೆಗಾಬಿಟ್ ಅಂದರೂ, ದಿನಕ್ಕೆ ಮೂರು ಗಂಟೆ ನೋಡಿದರೆ ತಿಂಗಳಿಗೆ ಸುಮಾರು 200 ಜಿಬಿ. ಅದೂ ಎಲ್ಲ ಮನೆಗಳಲ್ಲಿ ರಾತ್ರಿ ಎಂಟರಿಂದ ಹತ್ತರ ನಡುವೆ. ಜಿಯೋ ತನ್ನ ಫೈಬರ್ ಗ್ರಾಹಕರಿಗೆ 'ಅನ್‌ಲಿಮಿಟೆಡ್' ಎಂದು ಹೇಳಿ ಸಣ್ಣಕ್ಷರದಲ್ಲಿ ತಿಂಗಳಿಗೆ 3,300 ಜಿಬಿ ಗಡಿ ಹಾಕಿತ್ತು. ಏರ್‌ಫೈಬರ್ ತಂದಾಗ ಆ ಗಡಿ 1,000 ಜಿಬಿ. ಜಾಹೀರಾತಿನಲ್ಲಿ ಎರಡೂ ಅವಳಿಜವಳಿ. ಗಾಳಿ ಮತ್ತು ಗಾಜಿನ ನಡುವಿನ ವ್ಯತ್ಯಾಸವನ್ನು ಮಾರುವವರು ಎಷ್ಟೆಂದು ಎಣಿಸಿಕೊಂಡಿದ್ದಾರೆ ಎಂಬುದು ಈ ಎರಡು ಅಂಕಿಗಳಲ್ಲೇ ಇದೆ ಎಂದು ನನಗನಿಸುತ್ತದೆ.

ಗಾಜಿನ ಎಳೆಯ ವಿಷಯ ಬೇರೆಯೇ. ವಿಜ್ಞಾನಿ ಚಾರ್ಲ್ಸ್ ಕಾವ್ 1966ರಲ್ಲಿ ಗಾಜನ್ನು ಸಾಕಷ್ಟು ಶುದ್ಧ ಮಾಡಿದರೆ ಬೆಳಕಿನಲ್ಲೇ ಮಾತು ಕಳಿಸಬಹುದು ಎಂದಾಗ ಇದ್ದ ಗಾಜಿನಲ್ಲಿ ಬೆಳಕು ಕೆಲವೇ ಮೀಟರುಗಳಲ್ಲಿ ಸಾಯುತ್ತಿತ್ತು. ಇವತ್ತಿನ ಎಳೆಯಲ್ಲಿ 15 ಕಿಲೋಮೀಟರ್ ಹೋದ ಮೇಲೂ ಅರ್ಧ ಬೆಳಕು ಉಳಿದಿರುತ್ತದೆ. ಫೈಬರೂ ಹಂಚಿಕೊಂಡದ್ದೇ ಎಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ: ಬಡಾವಣೆಗಳಲ್ಲಿ ಸಾಮಾನ್ಯವಾಗಿ 2.5 ಗಿಗಾಬಿಟ್‌ನ ಒಂದು ಎಳೆಯನ್ನು 32 ಅಥವಾ 64 ಮನೆಗಳಿಗೆ ಕವಲೊಡೆಸಿರುತ್ತಾರೆ. ಸಾಲದಾದರೆ ಅದೇ ಕೊಳವೆಯಲ್ಲಿ ಇನ್ನೊಂದು ಎಳೆ ತೂರಿಸಬಹುದು. ಊರಿಗೆ ಇನ್ನೊಂದು ಆಕಾಶ ತರಲಾಗುವುದಿಲ್ಲ. ಟವರುಗಳನ್ನು ಹೆಚ್ಚು ಮಾಡಿ ನಾಲೆಯನ್ನು ಚಿಕ್ಕ ಚಿಕ್ಕದಾಗಿ ಒಡೆಯಬೇಕು. ಆ ಟವರುಗಳಿಗೆ ಮತ್ತೆ ಫೈಬರ್ ಬೇಕು. ಹಾಗಾಗಿ ತಂತಿಗೂ ಗಾಳಿಗೂ ಕುಸ್ತಿ ಎನ್ನುವುದು ಅಷ್ಟು ಸರಿಯಲ್ಲ. ಅಕ್ಕನ ಮನೆಯಲ್ಲಿ ಬದಲಾದದ್ದು ಟವರಿನಿಂದ ಹೆಂಚಿನವರೆಗಿನ ಒಂದೂವರೆ ಕಿಲೋಮೀಟರ್ ಮಾತ್ರ. ಆದರೆ ಹಣ ಸುರಿಯುವುದು, ಅನುಮತಿ ಕೇಳುವುದು, ಜೆಸಿಬಿಗೆ ಬಲಿಯಾಗುವುದು ಎಲ್ಲ ಆ ಒಂದೂವರೆ ಕಿಲೋಮೀಟರಿನಲ್ಲೇ.

ಒಂದು ವಿಷಯದಲ್ಲಂತೂ ಗಾಳಿ ತಂತಿಯನ್ನು ಚೊಕ್ಕವಾಗಿ ಸೋಲಿಸುತ್ತದೆ. ಗಾಜಿನೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್, ಗಾಳಿಯಲ್ಲಿ 3 ಲಕ್ಷ. ಷಿಕಾಗೊದಿಂದ ನ್ಯೂಜೆರ್ಸಿಗೆ ಷೇರು ವ್ಯಾಪಾರಕ್ಕೆಂದೇ 2010ರಲ್ಲಿ ನೆಟ್ಟಗೆ ಹೂಳಿದ ಫೈಬರಿನಲ್ಲಿ ಸಂದೇಶ ಹೋಗಿ ಬರಲು ಸುಮಾರು 13 ಮಿಲಿಸೆಕೆಂಡ್ ಬೇಕಿತ್ತು. ಕೆಲವೇ ವರ್ಷಗಳಲ್ಲಿ ಟವರಿನಿಂದ ಟವರಿಗೆ ಹಾರುವ ಮೈಕ್ರೊವೇವ್ ಅದನ್ನು 9ಕ್ಕಿಂತ ಕೆಳಗಿಳಿಸಿತು. ಅಡಿಕೆ ಧಾರಣೆ ನೋಡುವ ಭಾವನಿಗೆ ಆ ನಾಲ್ಕು ಮಿಲಿಸೆಕೆಂಡ್ ಬೇಕಾಗಿಲ್ಲ ಬಿಡಿ.

ಇನ್ನು ಚುಕ್ಕಿಯ ಪ್ರಶ್ನೆ. ಉತ್ತರ ಅಲೆಯ ಉದ್ದದಲ್ಲಿದೆ. 3.3 ಗಿಗಾಹರ್ಟ್ಜ್ ಅಲೆಯ ಉದ್ದ ಸುಮಾರು 9 ಸೆಂಟಿಮೀಟರ್, ಅದರ ಮುಂದೆ ಮಳೆಹನಿ ಲೆಕ್ಕಕ್ಕಿಲ್ಲ. ಅಕ್ಕನ ಮನೆಗೆ ಬರುವುದು ಇದೇ. 2022ರ ಅದೇ ಹರಾಜಿನಲ್ಲಿ ಮಾರಿದ 26 ಗಿಗಾಹರ್ಟ್ಜ್ ಪಟ್ಟಿಯ ಅಲೆ ಮಾತ್ರ ಒಂದು ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು. ದೊಡ್ಡ ಹನಿಗಳು ಅದನ್ನು ನುಂಗುತ್ತವೆ, ಚದುರಿಸುತ್ತವೆ. ಗಂಟೆಗೆ 100 ಮಿಲಿಮೀಟರ್ ರಭಸದ ಮಳೆಯಲ್ಲಿ ಒಂದೇ ಕಿಲೋಮೀಟರಿಗೆ ಅದರ ಹತ್ತನೇ ಒಂದು ಭಾಗವೂ ದಾಟಿ ಬರುವುದಿಲ್ಲ. ಹೀಗಿದ್ದರೂ 'ಮಿಲಿಮೀಟರ್ ಅಲೆ' ಎಂದೇ ಕರೆಯುವ ಇಂಥ ಗಿಡ್ಡ ಅಲೆಗಳ ಮೇಲೆ ಆಸೆ ಬಿಡಲಾಗದು, ಅಲ್ಲಿ ಖಾಲಿ ಜಾಗ ವಿಪರೀತ: ಜಿಯೋ ಕೊಂಡದ್ದೇ 1,000 ಮೆಗಾಹರ್ಟ್ಜ್. ಜಗದೀಶಚಂದ್ರ ಬೋಸರು 1895ರಲ್ಲಿ ಕಲ್ಕತ್ತದ ಸಭೆಯೊಂದರಲ್ಲಿ ತಂತಿಯಿಲ್ಲದೆ ಗಂಟೆ ಬಾರಿಸಿ, ಮದ್ದು ಸಿಡಿಸಿ ತೋರಿಸಿದ್ದರು. 5 ಮಿಲಿಮೀಟರಿನಷ್ಟು ಗಿಡ್ಡ ಅಲೆಗಳನ್ನೂ ಅವರು ಪಳಗಿಸಿದ್ದರು. ಪ್ರಪಂಚಕ್ಕೆ ಅವುಗಳ ಅಗತ್ಯ ಬೀಳಲು ನೂರು ವರ್ಷ ಬೇಕಾಯಿತು.

ಮಲೆನಾಡಿನಲ್ಲಿ ಮಳೆಗಿಂತ ಮರ ದೊಡ್ಡ ತೊಂದರೆ. ನೀರು ಕುಡಿದ ಎಲೆಗಳ ಗೋಡೆ 3.3 ಗಿಗಾಹರ್ಟ್ಜನ್ನೂ ಮಂಕು ಮಾಡುತ್ತದೆ, ಅಡಿಕೆ ಮರ ವರ್ಷವರ್ಷ ಎತ್ತರವಾಗುತ್ತದೆ. ಕರೆಂಟು ದಿನಗಟ್ಟಲೆ ಹೋದರೆ ಟವರಿನ ಬ್ಯಾಟರಿಯೂ ಮಲಗುತ್ತದೆ. ಸಿಡಿಲಿನ ಕಾಟವೂ ಹೊರಟುಹೋಗಿಲ್ಲ: ಪೈಪಿನ ಮೇಲಿನ ಪೆಟ್ಟಿಗೆಗೆ ಕರೆಂಟನ್ನೂ ದತ್ತಾಂಶವನ್ನೂ ಒಯ್ಯುವುದು ತಾಮ್ರದ ವೈರು. ಗಾಜಿನ ಎಳೆಯಲ್ಲಿ ಹರಿಯದ ಮಿಂಚು ಇದರಲ್ಲಿ ಸಲೀಸಾಗಿ ಇಳಿಯುತ್ತದೆ. ಗುಡುಗು ಶುರುವಾದೊಡನೆ ಅಕ್ಕ ಓಡಿ ಹೋಗಿ ಪ್ಲಗ್ ಕೀಳುತ್ತಾಳೆ, ಲ್ಯಾಂಡ್‌ಲೈನಿನ ಕಾಲದ ಹಾಗೇ.

ಕಳೆದ ತಿಂಗಳು ಹೋದಾಗ ಜಗಲಿಯಲ್ಲಿ ಕೂತು ಭಾವನಿಗೆ ಈ ನಾಲೆಯ ಕತೆಯನ್ನೆಲ್ಲ ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತ ಕೇಳಿಸಿಕೊಂಡರು. ಆಮೇಲೆ ಗದ್ದೆಯ ಆಚೆ ಬದಿಗೆ ಕೈ ತೋರಿಸಿದರು. ಅಲ್ಲಿ ಎರಡು ಮನೆಗಳ ಮಾಡಿನ ಮೇಲೆ ಬಿಳಿ ಪೆಟ್ಟಿಗೆ ಮಿರುಗುತ್ತಿತ್ತು. ಕೆಳಗಿನ ಕೇರಿಯಲ್ಲಿ ಮೂರು ಇವೆಯಂತೆ. ಕ್ರಿಕೆಟ್ ಇದ್ದ ರಾತ್ರಿ ಈಚೆಗೆ ಟೀವಿಯಲ್ಲಿ ಚಕ್ರ ಸುತ್ತುತ್ತದಂತೆ.

"ಮೊನ್ನೆ ಶೀನಪ್ಪನೂ ಕೇಳ್ತಿದ್ದ, ಹೆಂಗದೆ ಮಾರಾಯ್ರೆ ಅಂತ," ಎಂದರು ಭಾವ. "ಏನೂ ಪ್ರಯೋಜನ ಇಲ್ಲ ಅಂದುಬಿಟ್ಟೆ."