ಹುಣಸೂರಿನಿಂದ ಬೈಲಕುಪ್ಪೆಯವರೆಗೆ: ಜನರ ಮೂಲ ಹೇಳುವ ವಂಶವಾಹಿಗಳು

ಮೈಸೂರಿನಿಂದ ಪಶ್ಚಿಮಕ್ಕೆ ಹೊರಟ ಹೆದ್ದಾರಿ ಹುಣಸೂರು, ಪಿರಿಯಾಪಟ್ಟಣಗಳನ್ನು ದಾಟಿ ಕಾವೇರಿಯ ಆಚೆ ದಡದ ಕುಶಾಲನಗರವನ್ನು ಸೇರುವಷ್ಟರಲ್ಲಿ, ದಕ್ಷಿಣ ಭಾರತದ ಬೇರೆಲ್ಲೂ ಇಷ್ಟು ಒತ್ತೊತ್ತಾಗಿ ಕಾಣಸಿಗದ ಜನವೈವಿಧ್ಯದ ನಡುವೆ ಹಾದುಹೋಗುತ್ತದೆ ಎಂದು ನನಗನ್ನಿಸುತ್ತದೆ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿಗಳು ಮನೆಯಲ್ಲಾಡುವ ವಾಗ್ರಿ ಭಾಷೆ ಗುಜರಾತಿಗೆ ಹತ್ತಿರದ್ದು. ಬೆಟ್ಟದಪುರದ ಸಂಕೇತಿಗಳ ಪೂರ್ವಿಕರು ಇಂದಿನ ತಮಿಳುನಾಡು ಮತ್ತು ಕೇರಳದ ಗಡಿಯಲ್ಲಿರುವ ಶೆಂಗೋಟ್ಟೈ ಸೀಮೆಯಿಂದ ಬಂದವರು. ಅವರ ಮಾತಿನಲ್ಲಿ ತಮಿಳು, ಮಲಯಾಳ, ಕನ್ನಡ ಮೂರೂ ಬೆರೆತಿವೆ. ನಾಗರಹೊಳೆ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರಿದ್ದಾರೆ, ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟನ್ನರಿದ್ದಾರೆ. ಇವರೆಲ್ಲರ ಸುತ್ತ, ಇವರಿಗಿಂತ ಬಹಳ ದೊಡ್ಡ ಸಂಖ್ಯೆಯಲ್ಲಿ, ಹೊಗೆಸೊಪ್ಪು, ರಾಗಿ, ಜೋಳ ಬೆಳೆಯುವ ಒಕ್ಕಲಿಗರು, ಲಿಂಗಾಯತರು, ಕುರುಬರು, ನಾಯಕರು, ದಲಿತರು, ಮುಸ್ಲಿಮರು ತಲೆತಲಾಂತರದಿಂದ ನೆಲೆಸಿದ್ದಾರೆ.

ಇಂಥ ಸೀಮೆಯನ್ನು ನೋಡಿದವರಿಗೆ ಇಲ್ಲಿರುವುದು ಎಷ್ಟು ಬಗೆಯ ಜನ ಎಂಬ ಪ್ರಶ್ನೆ ಬಾರದೆ ಇರದು. ನೂರಿಪ್ಪತ್ತು ವರ್ಷಗಳ ಹಿಂದೆ ಇದಕ್ಕೆ ಉತ್ತರವನ್ನು ಅಳತೆಪಟ್ಟಿಯಿಂದ ಹುಡುಕಿದ್ದರು. 1901ರ ಜನಗಣತಿಯ ಹೊಣೆ ಹೊತ್ತಿದ್ದ ಬ್ರಿಟಿಷ್ ಅಧಿಕಾರಿ ಹರ್ಬರ್ಟ್ ರಿಸ್ಲಿ, ಮೂಗಿನ ಅಗಲವನ್ನು ಅದರ ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವ ಸಂಖ್ಯೆಯು ಜಾತಿಯ ಸಾಮಾಜಿಕ ಸ್ಥಾನವನ್ನೇ ಸೂಚಿಸುತ್ತದೆ ಎಂದು ನಂಬಿದ್ದ. ಮೈಸೂರು ಸಂಸ್ಥಾನದಲ್ಲಿಯೂ ಜಾತಿ ಬುಡಕಟ್ಟುಗಳ ಸಮೀಕ್ಷೆ ನಡೆಯಿತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿಯಾದ ಹೆಚ್.ವಿ. ನಂಜುಂಡಯ್ಯನವರು ಅದರ ನೇತೃತ್ವ ವಹಿಸಿದ್ದರು. ಮದುವೆಯ ಕಟ್ಟಳೆ, ಕುಲದೇವತೆ, ಕಸುಬು, ಪಂಚಾಯಿತಿ ಇವುಗಳ ಬಗ್ಗೆ ಆ ಸಮೀಕ್ಷೆ ಕಲೆಹಾಕಿದ ವಿವರಗಳು ಇಂದಿಗೂ ಬೆಲೆಯುಳ್ಳವು. ಮೂಗಿನ ಲೆಕ್ಕಕ್ಕೆ ಆ ಬೆಲೆ ಉಳಿಯಲಿಲ್ಲ. ಹೊಳ್ಳೆಗಳ ಅಗಲಕ್ಕೂ ಪೂರ್ವಿಕರು ಬಾಳಿದ ಪ್ರದೇಶದ ಉಷ್ಣತೆ, ತೇವಾಂಶಗಳಿಗೂ ನಂಟಿದೆ ಎಂದು ಈಗ ತಿಳಿದಿದೆ.

ಡಿಎನ್‌ಎ ಓದುವ ತಂತ್ರ ಕೈಗೆ ಬಂದ ಮೇಲೆ ಚಿತ್ರ ಪೂರ್ತಿ ಬದಲಾಯಿತು. ಹೈದರಾಬಾದಿನ ಜೀವಕೋಶ ಮತ್ತು ಅಣುಜೀವಶಾಸ್ತ್ರ ಸಂಶೋಧನಾ ಸಂಸ್ಥೆಯಾದ ಸಿಸಿಎಂಬಿಯ ಲಾಲ್‌ಜಿ ಸಿಂಗ್, ಕೆ. ತಂಗರಾಜ್ ಮತ್ತು ಅಮೆರಿಕದ ಡೇವಿಡ್ ರೈಖ್ ಅವರ ತಂಡ 2009ರಲ್ಲಿ ಭಾರತದ 25 ಸಮುದಾಯಗಳ ವಂಶವಾಹಿಗಳನ್ನು ಹೋಲಿಸಿ, ಮುಖ್ಯಭೂಮಿಯ ಹೆಚ್ಚುಕಡಿಮೆ ಎಲ್ಲ ಸಮುದಾಯಗಳೂ ಮಿಶ್ರಣಗಳೇ ಎಂದು ತೋರಿಸಿತು. ಪ್ರಾಚೀನ ಎಲುಬುಗಳ ಡಿಎನ್‌ಎ ಸಿಕ್ಕ ಬಳಿಕ, 2019ರ ಹೊತ್ತಿಗೆ, ಆ ಮಿಶ್ರಣದ ಮೂಲಗಳು ಇನ್ನಷ್ಟು ಸ್ಪಷ್ಟವಾದವು. ಹತ್ತಾರು ಸಾವಿರ ವರ್ಷಗಳಿಂದ ಉಪಖಂಡದಲ್ಲಿದ್ದ ಬೇಟೆಗಾರ ಜನ ಒಂದು ಮೂಲ. ಪ್ರಾಚೀನ ಇರಾನಿನ ಜನರಿಗೆ ದೂರದ ನಂಟರಾದ, ಸಿಂಧೂ ಕಣಿವೆಯ ನಗರಗಳ ಕಾಲಕ್ಕಾಗಲೇ ಇಲ್ಲಿ ಬೆರೆತುಹೋಗಿದ್ದ ಜನ ಇನ್ನೊಂದು. ಕ್ರಿಸ್ತಪೂರ್ವ 2000ದ ನಂತರ ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಬಂದ ಪಶುಪಾಲಕರು ಮೂರನೆಯದು. ನೀಲಗಿರಿ, ವಯನಾಡುಗಳ ಇರುಳರು ಮತ್ತು ಪಣಿಯರಲ್ಲಿ ಮೊದಲನೆಯ ಮೂಲದ ಪಾಲು ಬಹಳ ಹೆಚ್ಚು. ಆದರೆ ಅವರಲ್ಲಿಯೂ ಎರಡನೆಯದು ಇಲ್ಲದಿಲ್ಲ. ಬ್ರಾಹ್ಮಣ ಸಮುದಾಯಗಳಲ್ಲಿ ಮೂರನೆಯದರ ಪಾಲು ಸಾಮಾನ್ಯವಾಗಿ ಇತರರಿಗಿಂತ ಹೆಚ್ಚು. ಆದರೆ ಅವರಲ್ಲಿಯೂ ಮೊದಲನೆಯದು ಗಣನೀಯವಾಗಿದೆ. ಹೀಗಾಗಿ ನಮ್ಮ ಯಾವುದೇ ಹಳ್ಳಿಯ ಮೇಲಿನ ಕೇರಿಗೂ ಕೆಳಗಿನ ಕೇರಿಗೂ ಇರುವ ಅಂತರ ಪ್ರಮಾಣದ್ದೇ ಹೊರತು ಮೂಲದ್ದಲ್ಲ.

ಹಾಗಾದರೆ ಜಾತಿಗಳ ನಡುವೆ ವಂಶವಾಹಿಗಳ ಮಟ್ಟದಲ್ಲಿ ಕಾಣುವ ವ್ಯತ್ಯಾಸ ಉಳಿದುಬಂದದ್ದು ಹೇಗೆ? ಇದಕ್ಕೆ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಕೊಟ್ಟ ಉತ್ತರವನ್ನು ನಾನು ಈ ಕ್ಷೇತ್ರದ ಅತಿ ಮುಖ್ಯ ಸಂಗತಿಯೆಂದು ಭಾವಿಸುತ್ತೇನೆ. ತಂದೆತಾಯಿಯರಿಂದ ಬರುವ ಡಿಎನ್‌ಎ ಪ್ರತಿ ತಲೆಮಾರಿನಲ್ಲಿಯೂ ತುಂಡಾಗಿ ಮರುಜೋಡಣೆಯಾಗುವುದರಿಂದ, ಎರಡು ಮೂಲಗಳ ತುಣುಕುಗಳು ಎಷ್ಟು ಚಿಕ್ಕದಾಗಿವೆ ಎಂಬುದನ್ನು ಅಳೆದರೆ ಅವು ಎಷ್ಟು ಕಾಲದ ಹಿಂದೆ ಬೆರೆತವೆಂದು ಲೆಕ್ಕ ಹಾಕಬಹುದು. ಆ ಲೆಕ್ಕದ ಪ್ರಕಾರ ಸುಮಾರು 4,200 ವರ್ಷಗಳಿಂದ 1,900 ವರ್ಷಗಳ ಹಿಂದಿನವರೆಗೆ ಉಪಖಂಡದಲ್ಲಿ ಜನ ವ್ಯಾಪಕವಾಗಿ ಬೆರೆತರು. ಆಮೇಲೆ ಬೆರೆಯುವುದು ಬಹುಮಟ್ಟಿಗೆ ನಿಂತಿತು. ಎಂದರೆ ಒಳವಿವಾಹದ ಕಟ್ಟು ಬಿಗಿಯಾಯಿತು. ನಾವು ಇಂದು ಹುಟ್ಟಿನ ಭೇದವೆಂದು ಕಾಣುವುದರಲ್ಲಿ ಬಹುಪಾಲು, ಯಾರು ಯಾರಿಗೆ ಹೆಣ್ಣು ಕೊಟ್ಟರು, ಯಾರಿಗೆ ಕೊಡಲಿಲ್ಲ ಎಂಬುದರ ಎರಡು ಸಾವಿರ ವರ್ಷಗಳ ದಾಖಲೆ.

ಆ ಕಟ್ಟಿಗೆ ತೆರಬೇಕಾದ ಬೆಲೆಯೂ ಇದೆ. ಹಲವು ತಳಿಗಳ ರಾಗಿ ಬೆರೆತ ಕಣಜದಿಂದ ಒಂದೇ ಹಿಡಿ ತೆಗೆದು ಬಿತ್ತಿ, ಆ ಫಸಲಿನಿಂದಲೇ ವರ್ಷವರ್ಷವೂ ಬೀಜ ಉಳಿಸಿಕೊಂಡರೆ, ಆ ಹಿಡಿಯಲ್ಲಿ ಆಕಸ್ಮಿಕವಾಗಿ ಸೇರಿಕೊಂಡ ಒಂದು ದೋಷ ಇಡೀ ಹೊಲಕ್ಕೆ ಹರಡುತ್ತದೆ. ಸಣ್ಣ ಗುಂಪೊಂದರಿಂದ ಬೆಳೆದು ಒಳಗೊಳಗೇ ಮದುವೆಯಾಗುವ ಸಮುದಾಯಗಳಲ್ಲಿ ನಡೆಯುವುದೂ ಇದೇ. 2017ರ ಅಧ್ಯಯನವೊಂದು ದಕ್ಷಿಣ ಏಷ್ಯಾದ 263 ಸಮುದಾಯಗಳನ್ನು ಪರಿಶೀಲಿಸಿದಾಗ, 81ರಲ್ಲಿ ಈ ಪರಿಣಾಮವು, ಅದಕ್ಕೆ ಹೆಸರಾದ ಫಿನ್‌ಲೆಂಡಿನ ಜನರಲ್ಲಿ ಕಾಣುವುದಕ್ಕಿಂತಲೂ ಪ್ರಬಲವಾಗಿತ್ತು. ಅವುಗಳಲ್ಲಿ ಕೆಲವು ಹತ್ತು ಲಕ್ಷಕ್ಕೂ ಮೀರಿದ ಜನಸಂಖ್ಯೆಯವು. ವೈಶ್ಯ ಸಮುದಾಯದ ಕೆಲವರಿಗೆ ಶಸ್ತ್ರಚಿಕಿತ್ಸೆಯ ವೇಳೆ ಸ್ನಾಯುಗಳನ್ನು ಸಡಿಲಿಸಲು ಕೊಡುವ ಒಂದು ಔಷಧವನ್ನು ಕರಗಿಸುವ ಕಿಣ್ವದ ಕೊರತೆಯಿರುವುದು ಇದಕ್ಕೆ ಪ್ರಸಿದ್ಧ ಉದಾಹರಣೆ. ಅರಿವಳಿಕೆ ತಜ್ಞರು ಮೊದಲೇ ತಿಳಿದು ಬೇರೆ ಔಷಧ ಕೊಟ್ಟರೆ ಅಪಾಯ ತಪ್ಪುತ್ತದೆ.

ನಮ್ಮ ಸೀಮೆಯಲ್ಲಿ ಇದರ ಮೇಲೆ ನೆಂಟರೊಳಗಿನ ಮದುವೆಯೂ ಸೇರಿಕೊಂಡಿದೆ. ಅಕ್ಕನ ಮಗಳನ್ನು ತಮ್ಮನಿಗೆ ತರುವುದು, ಸೋದರತ್ತೆಯ ಮಗನಿಗೆ ಕೊಡುವುದು ಹಳೇ ಮೈಸೂರಿನಲ್ಲಿ ಆಸ್ತಿ ಮತ್ತು ನಂಟಸ್ತಿಕೆ ಎರಡನ್ನೂ ಉಳಿಸುವ ದಾರಿಯಾಗಿತ್ತು. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನಲ್ಲಿ ಹೆರಿಗೆಯಾದ ತಾಯಂದಿರಿಂದ ಕಲೆಹಾಕಿದ ಮಾಹಿತಿಯಲ್ಲಿ, ಮದುವೆಗಳಲ್ಲಿ ಮೂರನೇ ಒಂದರಷ್ಟು ರಕ್ತಸಂಬಂಧದೊಳಗಿನವಾಗಿದ್ದವು. ಸೋದರಮಾವನನ್ನು ಮದುವೆಯಾದವಳ ಮಗುವಿಗೆ, ಒಂದು ವಂಶವಾಹಿಯ ಎರಡೂ ಪ್ರತಿಗಳು ಒಬ್ಬನೇ ಪೂರ್ವಿಕನಿಂದ ಬಂದಿರುವ ಸಂಭವ ಎಂಟರಲ್ಲಿ ಒಂದು. ಸೋದರತ್ತೆಯ ಮಗನನ್ನು ಮದುವೆಯಾದರೆ ಹದಿನಾರರಲ್ಲಿ ಒಂದು. ಬಹುತೇಕ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಆದರೂ ಕುಟುಂಬದಲ್ಲಿ ಒಂದು ಮಗುವಿಗೆ ಕಿವುಡುತನವೋ ಚಯಾಪಚಯದ ರೋಗವೋ ಕಂಡಿದ್ದಾಗ ಮತ್ತೆ ಒಳಗೇ ಸಂಬಂಧ ಬೆಳೆಸುವ ಮುನ್ನ ವೈದ್ಯರನ್ನು ಕಾಣಬೇಕೆಂದು ಹೇಳುವವರು ಹಳ್ಳಿಗಳಲ್ಲಿ ಇನ್ನೂ ಸಾಕಷ್ಟಿಲ್ಲ ಎಂಬುದು ನೋವಿನ ಮಾತು.

ಹಾಡಿಗಳ ವಿಷಯಕ್ಕೆ ಬಂದರೆ, ಅಲ್ಲಿ ಕತೆ ಹೇಳುವುದು ಕುಡುಗೋಲು ಕಣ ರೋಗ. ಕೆಂಪುಕಣಗಳಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಎಂಬ ಪ್ರೋಟೀನಿನ ಬೀಟಾ ಸರಪಳಿಯ 146 ಅಮೈನೋ ಆಮ್ಲಗಳಲ್ಲಿ ಆರನೆಯದು ಬದಲಾದರೆ, ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿ ಎಳೆಗಳಾಗುತ್ತದೆ. ದುಂಡಗಿನ ಕೆಂಪುಕಣ ಕುಡುಗೋಲಿನ ಆಕಾರಕ್ಕೆ ಬಾಗುತ್ತದೆ. 120 ದಿನ ಬಾಳಬೇಕಾದ ಕಣ ಹತ್ತಿಪ್ಪತ್ತು ದಿನಗಳಲ್ಲಿ ಒಡೆಯುತ್ತದೆ, ಸಣ್ಣ ರಕ್ತನಾಳಗಳು ಕಟ್ಟಿಕೊಂಡು ಕೈಕಾಲು, ಬೆನ್ನು, ಎದೆಯಲ್ಲಿ ತಡೆಯಲಾಗದ ನೋವು ಬರುತ್ತದೆ. ಭಾರತದ ಬುಡಕಟ್ಟುಗಳಲ್ಲಿ ಇದು ಮೊದಲು ವೈದ್ಯಲೋಕದ ಗಮನಕ್ಕೆ ಬಂದದ್ದು 1952ರಲ್ಲಿ, ನಮ್ಮ ನೆರೆಯ ನೀಲಗಿರಿಯಲ್ಲಿ. ಮೈಸೂರು, ಚಾಮರಾಜನಗರ ಜಿಲ್ಲೆಗಳ ಕಾಡಂಚಿನ ಸಮುದಾಯಗಳಲ್ಲಿಯೂ ಇದು ಇದೆ. ಈ ಬದಲಾವಣೆ ಇಷ್ಟೊಂದು ಉಳಿದುಬರಲು ಕಾರಣ ಮಲೇರಿಯಾ. ಬದಲಾದ ವಂಶವಾಹಿಯ ಒಂದೇ ಪ್ರತಿ ಹೊಂದಿದವರು ಸಾಮಾನ್ಯವಾಗಿ ಆರೋಗ್ಯವಂತರು, ಅವರಿಗೆ ಮಾರಕ ಮಲೇರಿಯಾದಿಂದ ರಕ್ಷಣೆಯೂ ಸಿಗುತ್ತದೆ ಎಂದು 1954ರಲ್ಲಿ ಆಂಥನಿ ಆಲಿಸನ್ ಆಫ್ರಿಕದಲ್ಲಿ ತೋರಿಸಿದರು. ಆಫ್ರಿಕ, ಅರೇಬಿಯ, ಗ್ರೀಸಿನ ಕೆಲವು ಭಾಗಗಳು, ನಮ್ಮ ಕಾಡುಗಳು, ಹೀಗೆ ಮಲೇರಿಯಾ ಕಾಡಿದ ಹಲವು ಕಡೆಗಳಲ್ಲಿ ಇದು ಕಾಣುತ್ತದೆ. ಇದು ಯಾವ ಕುಲದ ಕಳಂಕವೂ ಅಲ್ಲ. ಸೊಳ್ಳೆಗಳ ನಡುವೆ ಬದುಕಿ ಉಳಿದವರ ಗುರುತು.

ಒಂದೇ ಪ್ರತಿಯುಳ್ಳ ಇಬ್ಬರು ಮದುವೆಯಾದರೆ ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಹೀಗಾಗಿ ಮದುವೆಗೆ ಮುಂಚಿನ ರಕ್ತಪರೀಕ್ಷೆ ಹಾಡಿಯ ಯುವಜನರಿಗೆ ನಿಜವಾಗಿ ಉಪಯುಕ್ತ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಅಭಿಯಾನ ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿತು. ಪರೀಕ್ಷೆಯ ಫಲಿತಾಂಶವನ್ನು ಅವರ ಮಾತಿನಲ್ಲಿ, ಗುಟ್ಟು ಕಾಪಾಡಿ, ಹೆಣ್ಣುಮಕ್ಕಳ ಮೇಲೆ ದೋಷ ಹೊರಿಸದಂತೆ ತಿಳಿಸುವುದು ಪರೀಕ್ಷೆಯಷ್ಟೇ ಮುಖ್ಯವೆಂದು ನಾನು ಒತ್ತಿ ಹೇಳುತ್ತೇನೆ.

ಬೈಲಕುಪ್ಪೆಯ ಟಿಬೆಟನ್ನರ ಮೂಲ ಮಾತ್ರ ಮೇಲೆ ಹೇಳಿದ ಮೂರರಲ್ಲಿ ಸೇರುವುದಿಲ್ಲ. ಅವರು ಪೂರ್ವ ಏಷ್ಯಾದ ಜನರಿಗೆ ಹತ್ತಿರದವರು. ಸಮುದ್ರಮಟ್ಟದಿಂದ 4,000 ಮೀಟರ್ ಎತ್ತರದಲ್ಲಿ, ಗಾಳಿ ತೆಳುವಾಗಿರುವಲ್ಲಿ, ನಮ್ಮಂಥವರು ಕೆಲ ವಾರ ಉಳಿದರೆ ಹಿಮೋಗ್ಲೋಬಿನ್ ಏರುತ್ತ ಹೋಗಿ ರಕ್ತ ಮಂದವಾಗುತ್ತದೆ, ಹೃದಯದ ಮೇಲೆ ಹೊರೆ ಬೀಳುತ್ತದೆ. ಟಿಬೆಟನ್ನರಲ್ಲಿ ಹೀಗಾಗುವುದಿಲ್ಲ. ಇಪಿಎಎಸ್1 ಎಂಬ ವಂಶವಾಹಿಯ ವಿಶೇಷ ರೂಪವೊಂದು ಆ ಏರಿಕೆಯನ್ನು ತಡೆಹಿಡಿಯುತ್ತದೆ ಎಂದು 2010ರಲ್ಲಿ ತಿಳಿಯಿತು. ಟಿಬೆಟನ್ನರ ಬಹುಪಾಲು ಮಂದಿಯಲ್ಲಿರುವ ಈ ರೂಪ ನೆರೆಯ ಹಾನ್ ಚೀನಿಯರಲ್ಲಿ ವಿರಳ. 2014ರಲ್ಲಿ ಇನ್ನೂ ದೊಡ್ಡ ಅಚ್ಚರಿ ಹೊರಬಿತ್ತು. ಸೈಬೀರಿಯದ ಡೆನಿಸೋವ ಗುಹೆಯಲ್ಲಿ ಸಿಕ್ಕ ಬೆರಳೆಲುಬಿನಿಂದ ಗುರುತಿಸಲಾದ, ಈಗ ಅಳಿದುಹೋಗಿರುವ ಮತ್ತೊಂದು ಮಾನವ ಕವಲಿನಿಂದ, ಹಳೆಯ ಕಾಲದ ಬೆರಕೆಯ ಮೂಲಕ ಈ ರೂಪ ಬಂದಿದೆ.

ಬೈಲಕುಪ್ಪೆ ಇರುವುದು ಸುಮಾರು 850 ಮೀಟರ್ ಎತ್ತರದಲ್ಲಿ. ಇಲ್ಲಿ ಹುಟ್ಟಿ, ಮುಸುಕಿನ ಜೋಳದ ಹೊಲಗಳ ನಡುವೆ ಬೆಳೆದ ಮೂರನೇ ತಲೆಮಾರಿನ ಮಕ್ಕಳಿಗೆ ಆ ವಂಶವಾಹಿಯಿಂದ ಆಗಬೇಕಾದ ಕೆಲಸವೇನೂ ಇಲ್ಲ. ಮಲೇರಿಯಾ ಇಳಿಮುಖವಾದ ಹಾಡಿಯಲ್ಲಿ ಕುಡುಗೋಲು ಕಣದ ವಂಶವಾಹಿಗೂ ಹಿಂದಿನ ಕೆಲಸ ಉಳಿದಿಲ್ಲ. ಕೆಲಸ ತಪ್ಪಿದ ಮಾತ್ರಕ್ಕೆ ಇವೆರಡೂ ಕೂಡಲೇ ಮಾಯವಾಗುವುದಿಲ್ಲ; ನಿಸರ್ಗದ ಆಯ್ಕೆಗೆ ಅದಕ್ಕಾಗಿ ನೂರಾರು, ಸಾವಿರಾರು ವರ್ಷಗಳು ಬೇಕು. ಅದಕ್ಕಿಂತ ಬೇಗನೆ, ಒಂದೆರಡು ತಲೆಮಾರುಗಳಲ್ಲಿಯೇ, ಈ ತಾಲ್ಲೂಕುಗಳ ವಂಶವಾಹಿಗಳ ಹಂಚಿಕೆಯನ್ನು ಬದಲಿಸಬಲ್ಲದ್ದು ಇಲ್ಲಿನ ಯುವಜನರು ಯಾರನ್ನು ಮದುವೆಯಾಗುತ್ತಾರೆ ಎಂಬುದು.